ತಡವಾದವರ ಪುಸ್ತಕ ಓದಿಸಿಕೊಳ್ಳುವ ವರ್ನಾ ಟ್ಯಾಕೆಟ್

ಬೆಳಿಗ್ಗೆ ಆರೂ ಮುಕ್ಕಾಲು. ಬೀವರ್ ಗ್ಯಾಪ್ ಕಾಲೇಜಿನ ಫುಟ್‌ಬಾಲ್ ಕಚೇರಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಹೊರಗೆ ಕೆಂಟಕಿಯ ಜನವರಿ; ಕಾರು ನಿಲ್ಲಿಸುವ ಜಾಗದ ಹಿಮವನ್ನು ಇನ್ನೂ ಯಾರೂ ಗೋರಿಲ್ಲ. ಅರವತ್ತಮೂರರ ವರ್ನಾ ಟ್ಯಾಕೆಟ್ ಕೋಟು ಬಿಚ್ಚದೆಯೇ ಕುರ್ಚಿಯಲ್ಲಿ ಕೂತು, ಸಾಸೇಜ್ ಇಟ್ಟ, ಬನ್ನಿನಂಥ ಬಿಸ್ಕೆಟನ್ನು ಒಮ್ಮೆ ಕಚ್ಚಿ ಪಕ್ಕಕ್ಕಿಟ್ಟು, ಫ್ಲೋರಿಡಾದ ಹೈಸ್ಕೂಲೊಂದಕ್ಕೆ ಫೋನ್ ಹಚ್ಚುತ್ತಾರೆ.

"ಎದ್ಯೇನಮ್ಮಾ? ಸೊಂಟ ಹೇಗಿದೆ?"

"ಸೊಂಟ ಇದ್ದಲ್ಲೇ ಇದೆ, ಅಲ್ಲಾಡಲ್ಲ ಅಂತಿದೆ. ಯಾರ ಹೆಸರು ಹೇಳು, ಗಂಟೆ ಹೊಡೆಯೋಕೆ ಅರ್ಧ ಗಂಟೆ ಇದೆ."

ಆ ಕಡೆಯವರು ಶಾಲೆಯ ಹಾಜರಿ ಗುಮಾಸ್ತೆ. ಮಕ್ಕಳು ಬರುವುದಕ್ಕೆ ಮುಂಚಿನ ಈ ಅರ್ಧ ಗಂಟೆಯಷ್ಟೇ ಆಕೆ ನೆಮ್ಮದಿಯಾಗಿ ಮಾತಿಗೆ ಸಿಗುವುದು. ಇದು ವರ್ನಾ ಅವರಿಗೆ ಗೊತ್ತು, ಏಕೆಂದರೆ ಇಪ್ಪತ್ತಾರು ವರ್ಷ ಅವರೂ ನಮ್ಮ ಜಿಲ್ಲೆಯ ಹೈಸ್ಕೂಲಿನಲ್ಲಿ ಅದೇ ಕೆಲಸ ಮಾಡಿದವರು. ಮೂರು ಶಾಲೆಗಳನ್ನು ಸೇರಿಸಿ ಒಂದು ಮಾಡಿದಾಗ ಮೂವರು ಗುಮಾಸ್ತೆಯರಲ್ಲಿ ಇಬ್ಬರು ಹೆಚ್ಚಾದರು. ಇವರು ಆ ಇಬ್ಬರಲ್ಲೊಬ್ಬರು. ಗಂಡ ಅರ್ಲ್‌ನ ಎದೆಯನ್ನು ಆಗಲೇ ಕಲ್ಲಿದ್ದಲು ಗಣಿಯ ದೂಳು ಹಿಡಿದಿತ್ತು. ಸಿಕ್ಕಿದ್ದು ಕಾಲೇಜು ತಂಡದ ಕಚೇರಿಯಲ್ಲಿ ಲಕೋಟೆ ಅಂಟಿಸುವ ಕೆಲಸ. ಹನ್ನೊಂದು ವರ್ಷವಾಯಿತು, ಈಗ ಲಕೋಟೆ ಬೇರೆ ಯಾರೋ ಅಂಟಿಸುತ್ತಾರೆ; ತಂಡ ಸೇರಿಸಿಕೊಳ್ಳಬೇಕೆಂದಿರುವ ಹೈಸ್ಕೂಲು ಹುಡುಗರ ಬಗ್ಗೆ ವಿಚಾರಿಸುವುದು ಇವರ ಕೆಲಸ.

ವರ್ನಾ ಇಡೀ ಪಂದ್ಯವೊಂದನ್ನು ಎಂದೂ ನೋಡಿದವರಲ್ಲ. ಯಾವ ಹುಡುಗ ನಲವತ್ತು ಗಜವನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆ, ಎದುರಾಳಿಯನ್ನು ಹೇಗೆ ನೆಲಕ್ಕೆ ಕೆಡವುತ್ತಾನೆ ಎಂಬುದಕ್ಕೆ ತಂಡದ ಬಳಿ ಆರು ಜನ ಕೋಚುಗಳೂ ಸಾವಿರಾರು ವಿಡಿಯೋಗಳೂ ಇವೆ. ಹುಡುಗ ಎಂಥವನು ಎಂದು ಅವನ ಶಾಲೆಯ ಕೋಚನ್ನು ಕೇಳಿದರೆ ದೇಶದ ಮೂಲೆಮೂಲೆಯಿಂದ ಬರುವ ಉತ್ತರ ಒಂದೇ: ಬಹಳ ಒಳ್ಳೆಯ ಹುಡುಗ. "ಅವರಲ್ಲಿ ಕೆಟ್ಟ ಹುಡುಗ ಹುಟ್ಟೇ ಇಲ್ಲ. ಅದಕ್ಕೇ ನಾನು ಹಾಜರಿಯವರನ್ನ ಕೇಳ್ತೀನಿ. ಅವರಿಗೆ ಯಾವ ಪಂದ್ಯನೂ ಗೆಲ್ಲೋದಿರಲ್ಲ ನೋಡಿ" ಎನ್ನುತ್ತಾರೆ ವರ್ನಾ. ಹುಡುಗನೂ ತಾಯ್ತಂದೆಯರೂ ಸಹಿ ಹಾಕಿದ ಒಪ್ಪಿಗೆ ಪತ್ರ ಮೊದಲು ಶಾಲೆಗೆ ಹೋಗುತ್ತದೆ, ಅದರ ಹಿಂದೆ ಫೋನು. ಫ್ಲೋರಿಡಾ, ಜಾರ್ಜಿಯಾ, ಒಂದು ತಾಸು ಬಿಟ್ಟು ಅಲಬಾಮಾ, ಆಮೇಲೆ ಟೆಕ್ಸಸ್. ಸೂರ್ಯನ ಬೆನ್ನು ಹಿಡಿದು ಪಡುವಣಕ್ಕೆ ಹೋಗುವ ಈ ಕೆಲಸದಲ್ಲಿ ದಿನಕ್ಕೆ ಹದಿನೆಂಟು ಕರೆ. ಚಳಿಗಾಲವೊಂದಕ್ಕೆ ಮುನ್ನೂರ ನಲವತ್ತು ಹೆಸರು, ತಂಡದಲ್ಲಿ ಇಪ್ಪತ್ತನಾಲ್ಕು ಸೀಟು.

ಅವರೂ ಒಮ್ಮೆ ಎಡವಿದ್ದಾರೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗನ ಹಾಜರಿ ಪಟ್ಟಿ ತೊಳೆದ ತಟ್ಟೆಯಂತೆ ಬಂತು: ನೂರ ಎಂಬತ್ತು ದಿನ, ಒಂದು ದಿನವೂ ತಪ್ಪಿಲ್ಲ. ವರ್ನಾ ಹೂಂ ಎಂದರು. ಹುಡುಗ ಆಗಸ್ಟಿನಲ್ಲಿ ಬಂದ, ಹನ್ನೊಂದು ದಿನ ಇದ್ದ, ಆ ಹನ್ನೊಂದು ದಿನದಲ್ಲಿ ಮೂವರು ಅಜ್ಜಿಯರನ್ನು ಸಾಯಿಸಿ ರಜೆ ತೆಗೆದುಕೊಂಡ. ಆಮೇಲೆ ಪಟ್ಟಿಯನ್ನು ಮತ್ತೆ ತೆರೆದು ನೋಡಿದರೆ, ಹಿಮ ಬಿದ್ದು ಇಡೀ ಜಿಲ್ಲೆಯ ಶಾಲೆಗಳು ಮುಚ್ಚಿದ್ದ ದಿನವೂ ಹುಡುಗ ಹಾಜರು. ಯಾರೋ ಪುಣ್ಯಾತ್ಮರು ತಿಂಗಳ ಹಾಜರಿಯನ್ನು ಮುಂಗಡವಾಗಿ ತುಂಬಿಟ್ಟಿದ್ದರು. "ಆ ದಿನ ಶಾಲೆ ಹೀಟರೂ ಹಾಜರಿರ್ಲಿಲ್ಲ" ಎನ್ನುತ್ತಾರೆ ವರ್ನಾ.

ಒಂದೇ ತಪ್ಪಿನಿಂದ ಕಚೇರಿಯಲ್ಲಿ ಇಬ್ಬರು ಎರಡು ಪಾಠ ಕಲಿತರು. ಮುಖ್ಯ ಕೋಚ್ ಹೋಬರ್ಟ್ ಸ್ಲೋನ್ ಹೊಸ ನಿಯಮ ಮಾಡಿದರು: ಹತ್ತಕ್ಕಿಂತ ಹೆಚ್ಚು ಸಲ ತಡವಾದವನ ಬಗ್ಗೆ ವರ್ನಾ ಬರೆದ ಚೀಟಿ ಕಸದ ಬುಟ್ಟಿಗೆ. ನಮ್ಮ ತಂಡ ಅಭ್ಯಾಸಕ್ಕೆ ಇಳಿಯುವುದು ಬೆಳಗಿನ ಐದೂವರೆಗೆ. ವರ್ನಾ ಕಲಿತದ್ದು ಬೇರೆ. ಅಂದಿನಿಂದ ಅವರು ಅಂಕಿ ಕೇಳುವುದನ್ನು ಬಿಟ್ಟು, ಹುಡುಗರು ತಾವೇ ಬರೆಯುವ ಪುಸ್ತಕವನ್ನು ಓದಿಸಿಕೊಳ್ಳುತ್ತಾರೆ. ತಡವಾಗಿ ಬಂದವನು ಕಚೇರಿ ಕಟ್ಟೆಯ ಮೇಲಿನ ಪುಸ್ತಕದಲ್ಲಿ ಹೆಸರು, ಸಮಯ, ಕಾರಣ ಬರೆದು ಒಳಗೆ ಹೋಗಬೇಕು. ಎಲ್ಲ ಶಾಲೆಗಳಲ್ಲೂ ಇಂಥದೊಂದು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ.

ಈ ವರ್ಷದ ಇಪ್ಪತ್ತಮೂರು ಸೀಟು ತುಂಬಿವೆ. ಉಳಿದ ಒಂದಕ್ಕೆ ಅಲಬಾಮಾದ ಟವಾರಿಸ್ ಮಿಕ್ಸನ್‌ನ ಹೆಸರಿದೆ. ಆರಡಿ ಮೂರಂಗುಲ, ವಿಡಿಯೋ ನೋಡಿ ಆರೂ ಕೋಚುಗಳು ಒಟ್ಟಿಗೆ ಸುಮ್ಮನಾದದ್ದು ಇವನೊಬ್ಬನಿಗೇ. ಆಗಸ್ಟಿನಿಂದ ಇಪ್ಪತ್ತಮೂರು ಸಲ ತಡ. ದೊಡ್ಡ ಕಾಲೇಜುಗಳು ಆ ಅಂಕಿ ನೋಡಿಯೇ ಹಿಂದೆ ಸರಿದಿವೆ. ಈ ಸೀಟೂ ಹೋದರೆ ಜೂನಿನಿಂದ ಅವನಿಗೆ ಚಿಕ್ಕಪ್ಪ ದುಡಿಯುವ ಕೋಳಿಮಾಂಸದ ಕಾರ್ಖಾನೆ.

ಆ ಶಾಲೆಯ ಗುಮಾಸ್ತೆ ಎರ್ನೆಸ್ಟೀನ್‌ಗೆ ಫೋನ್ ಹಚ್ಚಿ, ಕೋಚಿಗೂ ಕೇಳುವಂತೆ ವರ್ನಾ ಸ್ಪೀಕರ್ ಒತ್ತುತ್ತಾರೆ. ಹುಡುಗರು ತಾವು ಸೇರುವ ಕಾಲೇಜಿನ ಪತ್ರಕ್ಕೆ ಸಹಿ ಹಾಕುವ ಬುಧವಾರಕ್ಕೆ ಇನ್ನು ಎರಡು ವಾರವಿದೆ.

"ಕಾರಣದ ಕಾಲಂ ಓದೇ, ಎರ್ನೆಸ್ಟೀನ್. ಹೆಸರು ಅವನದ್ದೊಂದೇ ಸಾಕು."

"ಬಸ್ ಲೇಟ್. ಬಸ್ ಲೇಟ್. ಟೈರ್ ಪಂಚರ್. ಬಸ್ ಲೇಟ್. ಇವನು ಬೇರೊಬ್ಬ, ಮನೆ ಶಾಲೆ ಎದುರಿಗೇ ಇದೆ ಕಣೇ, ಯಾವ ಬಸ್ಸೋ! ಹಾಂ, ಇಲ್ಲಿ ಮಿಕ್ಸನ್. ನಿದ್ದೆ."

"ಆಮೇಲೆ?"

"ನಿದ್ದೆ. ನಿದ್ದೆ. ಬರೋಕೆ ಮನಸ್ಸಿರ್ಲಿಲ್ಲ. ನಿದ್ದೆ. ಡಿಸೆಂಬರ್ ಒಂಬತ್ತು: ಎಚ್ಚರ ಆಗಿತ್ತು, ಆದ್ರೂ ಏಳ್ಲಿಲ್ಲ."

"ಸಮಯ ಸರಿಯಾಗಿ ಬರೀತಾನಾ?"

"ನನ್ನ ಗೋಡೆ ಗಡಿಯಾರದಲ್ಲಿ ಎಂಟು ಇಪ್ಪತ್ತಿದ್ರೆ ಇವನು ಎಂಟು ಇಪ್ಪತ್ತೆರಡು ಅಂತ ಬರೀತಾನೆ. ಕ್ಲಾಸಿಗೆ ನಡಕೊಂಡು ಹೋಗೋದನ್ನೂ ಸೇರಿಸ್ತಾನಂತೆ."

ಫೋನ್ ಇಟ್ಟ ಮೇಲೆ ಕೋಚ್ ಸ್ಲೋನ್ ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಸತತ ಎರಡು ವರ್ಷ ಸೋತ ತಂಡದ ಕೋಚು. ಇಂಥ ಆಟಗಾರ ತನ್ನ ಅಂಗಳಕ್ಕೆ ಬರುವುದು ಜನ್ಮಕ್ಕೊಂದು ಸಲ ಎಂದು ಅವರಿಗೆ ಗೊತ್ತು. ಮುಖದಲ್ಲಿ ಮಾತ್ರ ನಿಯಮವಿದೆ. "ಅಂದ್ರೆ ಸೋಮಾರಿ ಅಂತ ನೇರವಾಗಿ ಒಪ್ಕೊಂಡವನಿಗೆ ಸೀಟು ಕೊಡ್ಬೇಕಾ, ಮಿಸ್ ವರ್ನಾ?"

"ಸೋಮಾರಿನ ಎಬ್ಬಿಸೋಕೆ ನಿನ್ನ ಕೊರಳಲ್ಲಿ ವಿಷಲ್ ಇದೆ. ಸುಳ್ಳು ಹೇಳೋನಿಗೆ ಏನು ಊದ್ತೀಯಪ್ಪಾ? ಹೈಸ್ಕೂಲಲ್ಲಿ ನೀನೂ ನನ್ನ ಪುಸ್ತಕದಲ್ಲಿ ಬಸ್ ಲೇಟ್ ಅಂತ್ಲೇ ಬರೀತಿದ್ದೆ ಹೋಬರ್ಟ್. ನಿಮ್ಮಪ್ಪನ ಪಿಕಪ್ಪಲ್ಲಿ ಬರ್ತಿದ್ದೋನು."

ಕೋಚಿನ ಕಿವಿ ಕೆಂಪಾಗುತ್ತದೆ. ಕೊನೆಗೊಂದು ಷರತ್ತು ಹೊರಬೀಳುತ್ತದೆ: ಮುಂದಿನ ಹತ್ತು ಶಾಲಾದಿನ ಒಂದು ನಿಮಿಷವೂ ತಡವಾಗಕೂಡದು, ತಡವಾದರೆ ಸೀಟು ಬೇರೆಯವನಿಗೆ. ಹುಡುಗನಿಗೆ ಹೇಳದೆಯೇ ನೋಡೋಣ ಎಂಬ ಸಲಹೆಗೆ ವರ್ನಾ ತಲೆ ಆಡಿಸುವುದಿಲ್ಲ. "ಬಚ್ಚಿಟ್ಕೊಂಡು ನೋಡೋದು ನನ್ನಿಂದಾಗಲ್ಲ. ಫೋನ್ ಮಾಡಿ ಹೇಳು." ಕೋಚ್ ಹೇಳುತ್ತಾರೆ.

ಒಂಬತ್ತು ದಿನ ಎರ್ನೆಸ್ಟೀನ್‌ಳ ಪುಸ್ತಕದಲ್ಲಿ ಮಿಕ್ಸನ್‌ನ ಹೆಸರಿಲ್ಲ. ಹತ್ತನೆಯ ದಿನ, ಮಂಗಳವಾರ, ವರ್ನಾ ಮಾಡುವ ಮುಂಚೆ ಅವಳೇ ಫೋನ್ ಮಾಡುತ್ತಾಳೆ. ಧ್ವನಿ ಸರಿಯಿಲ್ಲ.

"ಗಂಟೆ ಹೊಡೀತಾನೇ ಇತ್ತು ಕಣೇ. ಅವನು ಕಾಲು ಒಳಗಿಟ್ಟಾಗ ಎಂಟು ದಾಟಿ ಒಂದು ನಿಮಿಷ ಆಗಿತ್ತು, ಅಷ್ಟೇ. ನಾನು ಮುಖ ಆ ಕಡೆ ತಿರುಗಿಸ್ಕೊಂಡು, ಹೋಗೋ ಮಾರಾಯ, ಒಳಗೆ ಹೋಗು ಅಂದೆ. ಹೋಗ್ಲಿಲ್ಲ. ಪುಸ್ತಕ ತಾನೇ ಎಳ್ಕೊಂಡು ಬರೆದ."

"ಏನಂತ?"

"ಓಡ್ದೆ. ಸಾಲ್ಲಿಲ್ಲ."

ವರ್ನಾ ಫೋನ್ ಇಡುತ್ತಾರೆ. ಇಲ್ಲಿಯೂ ಒಂದು ಮುಖ ಆ ಕಡೆ ತಿರುಗಬಹುದಿತ್ತು. ಅವರು ಚೀಟಿ ತೆಗೆದು, ತಡ ಎಂಬಲ್ಲಿ ಇಪ್ಪತ್ತಮೂರನ್ನು ಹೊಡೆದು ಇಪ್ಪತ್ತನಾಲ್ಕು ಎಂದು ತಿದ್ದಿ, ಕಾರಣವನ್ನು ಹುಡುಗ ಬರೆದಂತೆಯೇ ಬರೆದು, ಎದ್ದು ಹೋಗಿ ಕೋಚಿನ ಮೇಜಿನ ಮೇಲಿಟ್ಟು ಬರುತ್ತಾರೆ. ಶಿಫಾರಸಿನ ಒಂದು ಮಾತೂ ಇಲ್ಲ. "ನನ್ನ ಕೆಲಸ ಕೇಳೋದು, ಬರೆಯೋದು" ಎನ್ನುತ್ತಾರೆ. ಬಿಸ್ಕೆಟ್ ಮಾತ್ರ ಮುಟ್ಟದೆ ಆರುತ್ತಿದೆ.

ನಮ್ಮ ಕಾಲೇಜಿನ ಗೋಡೆಗಳು ತೆಳು. ಹತ್ತು ನಿಮಿಷ ಆ ಕಡೆ ಕುರ್ಚಿ ಕಿರುಗುಟ್ಟುತ್ತದೆ. ಆಮೇಲೆ ಕೋಚು ಶಾಲೆಯ ಕಚೇರಿಗೆ ಫೋನ್ ಮಾಡಿ ಹುಡುಗನನ್ನು ಕ್ಲಾಸಿನಿಂದ ಕರೆಸುವುದು, ಕಾಯುವುದು, ಕೆಮ್ಮುವುದು ಕೇಳುತ್ತದೆ.

"ಮಿಕ್ಸನ್? ನಿಮ್ಮನೇಲಿ ಅಲಾರಂ ಎಷ್ಟಿದೆ? … ಒಂದಾ? ಇನ್ನೊಂದು ತಗೋ. ಮಂಚದಿಂದ ದೂರ ಇಡು. ನಾಳೆ ಪತ್ರ ಬರತ್ತೆ, ನಿಮ್ಮಮ್ಮನ ಕೂರಿಸ್ಕೊಂಡು ಸಹಿ ಹಾಕು."

ವರ್ನಾ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕುತ್ತಾರೆ. ಹುಡುಗ ಐದೂವರೆಯ ಅಭ್ಯಾಸಕ್ಕೆ ಏಳುತ್ತಾನೆಯೇ ಎಂದು ಕೇಳಿದರೆ, "ಯಾರಿಗ್ಗೊತ್ತು? ಎದ್ದಿಲ್ಲ ಅಂದ್ರೆ ಯಾಕೆ ಅಂತ ಅವನೇ ಹೇಳ್ತಾನೆ" ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ಅವರು ಆರಿಸಿದ ಹುಡುಗರಲ್ಲಿ ಒಬ್ಬನಿಗೂ ಅವರ ಹೆಸರು ಗೊತ್ತಿಲ್ಲ. ಗೊತ್ತಾಗಲಿ ಎಂಬ ಆಸೆಯೂ ಇದ್ದಂತಿಲ್ಲ. ಮುಂದಿನ ವರ್ಷದ ಹೆಸರೊಂದಕ್ಕಾಗಿ ಟೆಕ್ಸಸ್‌ನ ಸಂಖ್ಯೆ ಒತ್ತುತ್ತ, ಆ ಕಡೆ ರಿಂಗಾಗುತ್ತಿರುವಾಗ, ಒಂದೇ ಒಂದನ್ನು ಹೇಳುತ್ತಾರೆ.

"ಆಗಸ್ಟಲ್ಲಿ ಬಂದಾಗ ಅವನ ಕೈಬರಹ ಒಂದ್ಸಲ ನೋಡ್ಬೇಕು. ಇಪ್ಪತ್ನಾಲ್ಕು ಸಾಲು ಕಿವೀಲಿ ಕೇಳಿದ್ದೀನಿ, ಒಂದನ್ನೂ ಕಣ್ಣಲ್ಲಿ ನೋಡಿಲ್ಲ."