ಬಣ್ಣದ ಬ್ಲಾಗಿನ ಪಕ್ಕ ಮೀನಿನ ತೊಟ್ಟಿ

ಮನೆಯಲ್ಲೂ ಅಂಗಡಿಯಲ್ಲೂ ಅವನನ್ನು ಕರೆಯುತ್ತಿದ್ದದ್ದು ಚಕ್ಕೆ ಎಂದೇ. ಹೆಸರೇನೂ ಪುಕ್ಕಟೆ ಬಂದದ್ದಲ್ಲ, ಕಷ್ಟಪಟ್ಟು ಸಂಪಾದಿಸಿದ್ದು. ಬಾಗಿಲಾಗಲಿ, ಕಿಟಕಿಯ ಸರಳಾಗಲಿ, ಮೆಟ್ಟಿಲ ಪಕ್ಕದ ಕಂಬಿಯಾಗಲಿ, ಎಲ್ಲಿ ಹಳೇ ಬಣ್ಣ ಸುಲಿದು ಎದ್ದಿದ್ದರೂ ಅವನ ಉಗುರು ಮಾಲೀಕರ ಅಪ್ಪಣೆಗೆ ಕಾಯದೆ ಅಲ್ಲಿಗೆ ಹೋಗುತ್ತಿತ್ತು. ಒಂದು ಚಕ್ಕೆ ಎಬ್ಬಿಸುವುದು, ಜೇಬಿಗಿಳಿಸುವುದು. ಅಕ್ಕನ ಗಂಡನ ಮನೆಗೆ ಮೊದಲ ಸಲ ಹೋದಾಗ, ಮಾತುಕತೆಯ ನಡುವೆಯೇ ಅವರ ಬಾಗಿಲ ಚೌಕಟ್ಟಿಗೆ ಕೈಹಾಕಿ ಸಿಕ್ಕಿಬಿದ್ದಿದ್ದ. "ಹುಡುಗಿ ಒಳ್ಳೇವ್ಳು, ತಮ್ಮನಿಗೆ ಮಾತ್ರ ಸ್ವಲ್ಪ ಕೈತುರಿಕೆ" ಎಂದು ಆ ಮನೆಯ ಹಿರಿಯರು ಒಪ್ಪಿಗೆ ಕೊಟ್ಟರಂತೆ. ಇದು ಭಾವ ಹೇಳುವ ಕತೆ. ಭಾವನ ಕತೆಗಳಿಗೆ ಯಾವಾಗಲೂ ಮೇಲೊಂದು ಕೋಟಿಂಗ್ ಇರುತ್ತದೆ.

ಕೆಲಸ ಪೇಂಟ್ ಅಂಗಡಿಯಲ್ಲಿ. ಗಿರಾಕಿ ಕೇಳಿದ ಬಣ್ಣವನ್ನು ಮೆಷೀನಿನಲ್ಲಿ ಬೆರೆಸಿ, ಡಬ್ಬಿಯನ್ನು ಕುಲುಕುವ ಯಂತ್ರಕ್ಕೆ ಬಿಗಿದು, ಗುರುತಿಗೆ ಮುಚ್ಚಳದ ಮೇಲೊಂದು ಬೊಟ್ಟಿಟ್ಟು ಕೊಡುವುದು. ಕೇಳಲು ಸುಲಭ. ಆದರೆ ಶೇಡ್ ಕಾರ್ಡಿನಲ್ಲಿ ಬೆರಳಿಟ್ಟು ಇದೇ ಎನ್ನುವ ಪುಣ್ಯಾತ್ಮರು ಕಡಿಮೆ. ಒಬ್ಬರು ಕೋಟಿನ ಗುಂಡಿ ತರುತ್ತಾರೆ, ಇನ್ನೊಬ್ಬರು ಒಡೆದ ಕಪ್ಪಿನ ಹಿಡಿ. ಒಬ್ಬಾಕೆ ನಾಯಿಯನ್ನೇ ಎಳೆದುಕೊಂಡು ಬಂದು, "ಇದರ ಕಿವಿ ಒಳಗಡೆ ಇದೆಯಲ್ಲ, ಅದೇ ಬಣ್ಣ. ಮಲಗೋ ಕೋಣೆಗೆ" ಎಂದಿದ್ದರು. ಚಕ್ಕೆ ಕಿವಿ ಮಗುಚಿ ನೋಡಿದ. ನಾಯಿ ಸಹಕರಿಸಲಿಲ್ಲ. ಬಣ್ಣ ಮಾತ್ರ ಕೂಡಿತು.

ದಿನವಿಡೀ ಹೊಸ ಬಣ್ಣ ಮಾರುವವನಿಗೆ ಹಳೆಯದರ ಮೇಲೆ ಯಾಕಿಷ್ಟು ಮೋಹ ಎಂದು ಕೇಳಿದರೆ ಅವನು ಭೂತಗನ್ನಡಿ ಎತ್ತಿ ಕೊಡುತ್ತಿದ್ದ. ಚಕ್ಕೆಯ ಅಂಚನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಪದರಗಳು ಕಾಣುತ್ತಿದ್ದವು. ಮೇಲೆ ಕೆನೆ, ಅದರಡಿ ನೀಲಿ, ಅದರಡಿ ಕಡುಹಸಿರು, ತಳದಲ್ಲಿ ಸುಣ್ಣ. ಹಸಿರು ಬಳಿಸಿದವರು ಯಾರು? ಅದರ ಮೇಲೆ ನೀಲಿ ಬಳಿಯುವಂಥದ್ದು ಆ ಮನೆಯಲ್ಲಿ ಏನಾಯಿತು? ಈ ಹುಳ ತಲೆಯೊಳಗೆ ಹೊಕ್ಕ ಮೇಲೆ ಅದನ್ನು ಹೊರಗೆ ಬಿಡಲೊಂದು ಜಾಗ ಬೇಕಲ್ಲ, ಬ್ಲಾಗ್ ಶುರುಮಾಡಿದ. ವಾರಕ್ಕೊಂದು ಚಕ್ಕೆ, ಚಕ್ಕೆಗೊಂದು ಕತೆ.

ಬರೆಯುತ್ತಿದ್ದ, ಸರಿ. ಓದುತ್ತಿದ್ದವರು? "ಓದಿದೆ ಕಣೋ, ಚೆನ್ನಾಗಿದೆ" ಎಂದು ಅಕ್ಕ ಹೇಳುತ್ತಿದ್ದಳು, ಕೆಲವೊಮ್ಮೆ ಅವನು ಬರೆಯುವ ಮೊದಲೇ. ಅತ್ತೆ ಏನೂ ಹೇಳುತ್ತಿರಲಿಲ್ಲ. ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪ ಅಮ್ಮ ತೀರಿದ ಮೇಲೆ ಅಕ್ಕ ತಮ್ಮ ಇಬ್ಬರನ್ನೂ ಸಾಕಿದವರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಹೆಸರು ಕೂಗುವ ಕೆಲಸ. ದಿನವಿಡೀ ಬಾಯಿ ತೆರೆದವರನ್ನೇ ನೋಡಿ ನೋಡಿ, ಮನೆಯಲ್ಲಿ ತಮ್ಮ ಬಾಯನ್ನು ಮುಚ್ಚಿಟ್ಟುಕೊಂಡಿದ್ದರು. ಹಾಗಾಗಿ ತನ್ನನ್ನು ಯಾರಾದರೂ ಓದುತ್ತಾರೆಯೇ ಎಂಬುದು ಚಕ್ಕೆಗೆ ಗೊತ್ತಿರಲಿಲ್ಲ. ಬಂದುಹೋದವರನ್ನು ಎಣಿಸುವ ಏರ್ಪಾಡನ್ನು ಅವನು ಬ್ಲಾಗಿಗೆ ಹಾಕಿರಲಿಲ್ಲ. ಸೊನ್ನೆಯನ್ನು ದಿನಾ ನೋಡಲು ಎದೆಗಾರಿಕೆ ಬೇಕು.

ಬ್ಲಾಗಿನ ಬಲಮಗ್ಗುಲಿಗೆ ಕಣ್ಣು ಹಾಕಿದವರು ಭಾವ. ಲಿಫ್ಟ್ ರಿಪೇರಿ ಮಾಡುವವರು. ಅಕ್ಕನ ಜೊತೆ ಮೇಲಿನ ಮನೆಯಲ್ಲಿದ್ದರೂ ಚಹಾಕ್ಕೆ ಇಳಿದು ಬರುವುದು ಕೆಳಗೇ.

"ಪಕ್ಕದಲ್ಲಿ ಇಷ್ಟುದ್ದ ಜಾಗ ಖಾಲಿ ಬಿಟ್ಟಿದೀಯಲ್ಲೋ ಚಕ್ಕೆ. ಲಿಫ್ಟ್ ಒಳಗೂ ಒಂದು ಜಾಹೀರಾತು ಅಂಟಿಸ್ತಾರಪ್ಪ."

"ಅದು ಸೈಡ್‌ಬಾರ್ ಭಾವ. ಖಾಲಿ ಇದ್ರೆ ನೋಡೋಕೆ ಚೆಂದ."

"ನೋಡೋರು ಯಾರು ಅಂತ ಮೊದಲು ಹೇಳು. ಚೆಂದದ ವಿಷಯ ಆಮೇಲೆ ಮಾತಾಡೋಣ."

ಉಪಾಯವನ್ನೂ ಭಾವನೇ ಹೇಳಿದರು. ಆನ್‌ಲೈನ್ ಅಂಗಡಿಗಳು ತಮ್ಮ ಸಾಮಾನಿನ ಪಟ್ಟಿಯನ್ನು ಆರ್‌ಎಸ್‌ಎಸ್ ಫೀಡ್ ಎಂಬ ಕಾಲುವೆಯಲ್ಲಿ ಹರಿಯಬಿಟ್ಟಿರುತ್ತವೆ. ಅಂಗಡಿಗೆ ಗಿರಾಕಿ ಕಳಿಸುವ ಸದಸ್ಯನಾಗಿ, ಎಂದರೆ ಅಫಿಲಿಯೇಟ್ ಆಗಿ ಸೇರಿ, ಫೀಡಿನ ವಿಳಾಸವನ್ನು ತಂದು ಸೈಡ್‌ಬಾರಿಗೆ ಅಂಟಿಸಿದರಾಯಿತು. ನಾಲ್ಕಾರು ಸಾಮಾನು ಚಿತ್ರಸಮೇತ ಬಂದು ಕೂರುತ್ತವೆ, ಅಂಗಡಿಯಲ್ಲಿ ಬದಲಾದಂತೆ ಇಲ್ಲೂ ತಾವೇ ಬದಲಾಗುತ್ತವೆ. ಓದಲು ಬಂದವರು ಅದನ್ನು ಒತ್ತಿ ಅಂಗಡಿಗೆ ಹೋಗಿ ಏನಾದರೂ ಕೊಂಡರೆ ಬ್ಲಾಗಿನವನಿಗೂ ಒಂದು ಚೂರು ಪಾಲು.

ಚಕ್ಕೆ ಸೇರಿದ. ಉದ್ದದ ಕರಾರನ್ನು ಎಲ್ಲರೂ ಓದುವಂತೆ, ಎಂದರೆ ಓದದೆಯೇ, ಒಪ್ಪಿದ. ಬ್ರಷ್ಷು, ರೋಲರು, ಏಣಿ ಬರಲಿ ಎಂಬುದು ಅವನ ಆಸೆ. ಆದರೆ ಸಹಾಯಪುಟದಲ್ಲಿ ಉದಾಹರಣೆಗೆಂದು ಕೊಟ್ಟಿದ್ದ ವಿಳಾಸವನ್ನೇ ಎತ್ತಿಕೊಂಡು, ಅದರಲ್ಲಿ ಸದಸ್ಯನ ಸಂಖ್ಯೆಯನ್ನು ಮಾತ್ರ ತನ್ನದಾಗಿಸಿ, ಸಾಮಾನಿನ ವಿಭಾಗದ ಸಂಖ್ಯೆಯನ್ನು ಇದ್ದಂತೆಯೇ ಬಿಟ್ಟ. ಬಿಟ್ಟಿದ್ದಕ್ಕೆ ಸೈಡ್‌ಬಾರಿಗೆ ಬಂದದ್ದು ಮೀನು ಸಾಕುವವರ ಸಾಮಾನು. ಉಬ್ಬುಗಾಜಿನ ತೊಟ್ಟಿ, ಗಾಳಿಯೂದುವ ಪಂಪು, ಪ್ಲಾಸ್ಟಿಕ್ ಜೊಂಡು, ಮುಳುಗಿದ ಹಡಗಿನ ಗೊಂಬೆ. ಎಡಗಡೆ ಹಳೇ ಗೋಡೌನಿನ ಬಾಗಿಲ ಐದು ಪದರ, ಬಲಗಡೆ ಗುಳುಗುಳು ಗುಳ್ಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಚಿತ್ರ ಬೇಕಾದವರು ಅವನ ಬ್ಲಾಗನ್ನೇ ತೋರಿಸಬಹುದಿತ್ತು.

ಮರುದಿನ ಸರಿಪಡಿಸಲು ಕೂತವನು, ಅದಕ್ಕೂ ಮುಂಚೆ ಆನ್‌ಲೈನ್ ಅಂಗಡಿಯ ವರದಿಪುಟ ತೆರೆದ. ಯಾವ ಹೊತ್ತಿನಲ್ಲಿ ಯಾವ ಸಾಮಾನನ್ನು ಒತ್ತಿದರು ಎಂದು ಅದರಲ್ಲಿ ಕಾಣುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಉಬ್ಬುಗಾಜಿನ ತೊಟ್ಟಿಯನ್ನು ಒತ್ತಿದ್ದರು.

ಯಾರೋ! ಚಕ್ಕೆಯ ಕಿವಿ ನೆಟ್ಟಗಾಯಿತು. ಫೀಡನ್ನು ಮುಟ್ಟದೆ ಬಿಟ್ಟ. ಮಾರನೆಯ ಮಧ್ಯಾಹ್ನವೂ ಅದೇ ತೊಟ್ಟಿ. ಅದರ ಮಾರನೆಯ ದಿನವೂ.

"ಬೆಕ್ಕಿರಬೇಕು ಕಣೋ" ಎಂದರು ಭಾವ. "ಫೋನ್ ಮೇಲೆ ಕಾಲಿಟ್ಟಿರುತ್ತೆ."

"ಬೆಕ್ಕು ದಿನಾ ಒಂದೇ ಹೊತ್ತಿಗೆ ಬರುತ್ತಾ ಭಾವ?"

"ಮೀನು ಅಂದ್ರೆ ಯಾಕೆ ಬರಲ್ಲ?"

ನಗಬೇಕಾದ ಮಾತು. ಚಕ್ಕೆ ನಗಲಿಲ್ಲ. ಬಂದವರು ಬಣ್ಣಕ್ಕೆ ಬಂದು ಮೀನು ನೋಡುತ್ತಾರೋ, ಮೀನಿಗೆ ಬಂದು ಬಣ್ಣವನ್ನು ತಿರುಗಿಯೂ ನೋಡದೆ ಹೋಗುತ್ತಾರೋ? ಡಬ್ಬಿ ಕುಲುಕುವಾಗಲೂ ಇದೇ ಯೋಚನೆ. ಒಂದು ಸಲ ಮುಚ್ಚಳ ಬಿಗಿಯುವುದನ್ನೇ ಮರೆತು, ಅಂಗಡಿಯ ಯಜಮಾನರ ಅಂಗಿಗೆ ಹೊಸ ಶೇಡ್ ಬಂತು.

ಸುಳಿವು ಸಿಕ್ಕಿದ್ದು ಬಸ್ಸಿನಲ್ಲಿ. ತನ್ನ ಬ್ಲಾಗನ್ನು ಅವನು ಕಂಪ್ಯೂಟರಿನಲ್ಲೇ ನೋಡುತ್ತಿದ್ದವನು. ಆ ದಿನ ನಿಂತುಕೊಂಡೇ ಫೋನಿನಲ್ಲಿ ತೆರೆದ. ಸೈಡ್‌ಬಾರ್ ಮಾಯ. ಹುಡುಕುತ್ತಾ ಹೆಬ್ಬೆರಳಲ್ಲಿ ಎಳೆದ, ಇನ್ನೂ ಎಳೆದ. ಬರಹವೆಲ್ಲ ಮುಗಿದು, ಅದರ ತಳದಲ್ಲಿ, ಮೀನುಗಳು. ಫೋನಿನ ಪುಟ ಅಗಲವಿಲ್ಲ ನೋಡಿ. ಪಕ್ಕದಲ್ಲಿರಬೇಕಾದದ್ದು ಕೆಳಗಿಳಿದು ಕೂತಿರುತ್ತದೆ. ವರದಿಯಲ್ಲಿ ಮಧ್ಯಾಹ್ನದವರು ಬರುವುದು ಫೋನಿನಿಂದ ಎಂದಿತ್ತು. ಹಾಗಾದರೆ ಅವರು ತೊಟ್ಟಿ ಮುಟ್ಟಬೇಕಾದರೆ ಇವನ ಬರಹವನ್ನು ಉದ್ದಕ್ಕೂ ದಾಟಿಯೇ ಬರಬೇಕು! ಚಕ್ಕೆ ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಆಚೆ ಇಳಿದ.

ಪರೀಕ್ಷೆಗೆಂದು ಮುಂದಿನ ಬರಹವನ್ನು ಎರಡರಷ್ಟು ಉದ್ದ ಮಾಡಿದ. ಮಧ್ಯಾಹ್ನ ತೊಟ್ಟಿಯ ಮೇಲೆ ಬೆರಳು ಬಿತ್ತು. ಅಲ್ಲಿಂದ ಅವನ ಬರವಣಿಗೆಯ ಧಾಟಿಯೇ ಬೇರೆಯಾಯಿತು. ಮೊದಲು ಗೋಡೆಗೆ ಹೇಳಿಕೊಂಡಂತೆ ಬರೆಯುತ್ತಿದ್ದವನು ಈಗ 'ನೀವು' ಎನ್ನತೊಡಗಿದ. ನಿಮ್ಮ ಮನೆಯಲ್ಲೂ ನೋಡಿ, ಬೀರುವಿನ ಹಿಂದೆ, ಯಾರ ಕೈಯೂ ತಾಗದ ಕಡೆ ಹಳೇ ಬಣ್ಣ ಹಾಗೇ ಇರುತ್ತದೆ. ಉಗುರಲ್ಲಿ ಎಬ್ಬಿಸಬೇಡಿ, ತಳದ ಪದರ ಗೋಡೆಯಲ್ಲೇ ಉಳಿದುಬಿಡುತ್ತದೆ. ಸಣ್ಣ ಮೊನೆಯಿಂದ ಬುಡಕ್ಕೆ ಕೈಹಾಕಿ. ಉಗುರಿನಿಂದಲೇ ಹೆಸರು ಸಂಪಾದಿಸಿದವನು ಉಗುರಿನ ವಿರುದ್ಧ ಉಪದೇಶ ಮಾಡಿದ್ದು ಆ ಗುರುವಾರ.

ಶನಿವಾರ ಆನ್‌ಲೈನ್ ಅಂಗಡಿಯಿಂದ ಒಂದು ಮೇಲ್ ಬಂತು. ಭಾಷೆ ಬೆಣ್ಣೆಯಂತಿತ್ತು. ನಿಮ್ಮ ಸೈಡ್‌ಬಾರಿನಿಂದ ದಿನಾ ಒಂದೇ ಫೋನು ಒಂದೇ ಸಾಮಾನನ್ನು ಒತ್ತುತ್ತಿದೆ, ಕೊಳ್ಳುತ್ತಿಲ್ಲ. ಕರಾರಿನಂತೆ ಸದಸ್ಯರು ತಮ್ಮ ಮನೆಯವರಿಂದ ಒತ್ತಿಸುವಂತಿಲ್ಲ. ಒತ್ತುತ್ತಿರುವವರು ನಿಮ್ಮ ಮನೆಯವರೇ? ಹೌದು, ಇಲ್ಲ, ತಿಳಿಸಿ.

ಇಲ್ಲ ಎಂದು ಬರೆಯಲು ಅವನಿಗೇನೂ ಅಡ್ಡಿ ಇರಲಿಲ್ಲ. ಆದರೆ ಬರೆಯುವ ಮೊದಲು ಭಾನುವಾರದ ಊಟ ಬಂತು.

ನಾಲ್ವರೂ ಮೇಜಿನ ಸುತ್ತ ಇದ್ದರು. ಅಂಗಡಿಯಿಂದ ಮೇಲ್ ಬಂದ ಸುದ್ದಿಯನ್ನು ಚಕ್ಕೆ ಹೇಳಿದ. ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಊಟ ಮುಗಿಸಿ, ಕೈ ಒರೆಸಿ, ಕನ್ನಡಕ ಏರಿಸಿ, ಫೋನ್ ತೆಗೆದರು. ಹೆಬ್ಬೆರಳು ಸರಕ್ಕನೆ ಒಂದು ಸಲ, ಸರಕ್ಕನೆ ಇನ್ನೊಂದು ಸಲ. ಅವರ ಹಿಂದೆ ನೀರಿನ ಜಗ್ ಹಿಡಿದು ನಿಂತಿದ್ದ ಚಕ್ಕೆಯ ಕಣ್ಣೆದುರೇ ಅವನ ಗುರುವಾರದ ಬರಹ ನಿಲ್ದಾಣದಲ್ಲಿ ನಿಲ್ಲದ ರೈಲಿನಂತೆ ಓಡಿಹೋಯಿತು. ಕೊನೆಗೆ ತೊಟ್ಟಿ. ಅತ್ತೆ ಒತ್ತಿದರು.

"ಅತ್ತೆ!"

"ಏನೋ? ನಿನ್ನ ಮೀನಿಗೆ ಒತ್ತಿದೆ. ಅಕ್ಕ ಹೇಳಿದ್ಲಲ್ಲ, ದಿನಾ ಒತ್ತಿದ್ರೆ ನಿನಗೆ ಒಳ್ಳೇದಾಗುತ್ತೆ ಅಂತ."

"ನಾನು ಒಳ್ಳೇದಕ್ಕೇ ಹೇಳಿದ್ದು ಕಣೋ" ಎಂದಳು ಅಕ್ಕ.

"ಆ ತೊಟ್ಟಿನೇ ಯಾಕೆ ಒತ್ತೋದು?"

"ಕ್ಲಿನಿಕ್ಕಲ್ಲಿ ಒಂದಿದೆ, ಮೀನೆಲ್ಲ ಸತ್ತು ಖಾಲಿ. ಹಲ್ಲು ನೋವಿನವರು ಖಾಲಿ ತೊಟ್ಟಿ ನೋಡ್ತಾ ಕೂತಿರ್ತಾರೆ, ಪಾಪ. ಇದಾದ್ರೆ ಚೆನ್ನಾಗಿದೆ."

ಭಾವ ನಗು ತಡೆಯಲು ಹೋಗಿ ಕೆಮ್ಮಿದರು. "ಬೆಕ್ಕಲ್ಲ ಅನ್ನೋದು ಖಾತ್ರಿಯಾಯ್ತು."

ಚಕ್ಕೆ ಜಗ್ ಕೆಳಗಿಟ್ಟ. "ಅತ್ತೆ, ದಿನಾ ಕೆಳಗೆ ಹೋಗ್ತೀರಲ್ಲ. ನಡುವೆ ಇರೋದನ್ನ ಓದ್ತೀರಾ?"

"ಓದ್ತೀನಪ್ಪ" ಎಂದರು ಅತ್ತೆ, ಫೋನ್ ಮಡಿಲಿಗಿಟ್ಟುಕೊಂಡು.

ಅಕ್ಕ ಹೇಳುವ ಅದೇ ಧಾಟಿ. ಆ ಮನೆಯಲ್ಲಿ ಅವನನ್ನು ಓದದವರೇ ಇಲ್ಲ.

"ಇಲ್ಲ ಅಂತ ಬರೆದುಬಿಡೋ" ಎಂದರು ಭಾವ ಸಂಜೆ. "ಅವರೇನು ಬಂದು ಮನೇಲಿ ತಲೆ ಎಣಿಸ್ತಾರಾ?" ಚಕ್ಕೆಗೂ ಹಾಗೇ ಅನ್ನಿಸಿತ್ತು. ಆದರೆ ಈಗ ಆ ಬೆರಳಿನ ಗುರುತು ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಅತ್ತೆ ಅವನ ಒಳ್ಳೇದನ್ನು ಒತ್ತುತ್ತಿದ್ದರು, ಅಷ್ಟೇ. ಮೀನು ತೆಗೆದರೆ ಆ ದಾರಿಯಲ್ಲಿ ಅವರು ಬರುತ್ತಾರೋ ಇಲ್ಲವೋ? ಪಾಲು ಹೋದರೆ ಹೋಗಲಿ, ಅದು ತಿಳಿಯಬೇಕಿತ್ತು. ಹೌದು, ಒತ್ತುತ್ತಿರುವುದು ನನ್ನ ಅತ್ತೆ ಎಂದು ಬರೆದು ಕಳಿಸಿದ. ಬೆಣ್ಣೆಯಂಥ ಭಾಷೆಯಲ್ಲೇ ಸದಸ್ಯತ್ವ ರದ್ದಾಯಿತು. ಸೈಡ್‌ಬಾರ್ ಮತ್ತೆ ಖಾಲಿ.

ಆಮೇಲೆ ಹೊಳೆಯಿತು ತನ್ನ ಜಾಣತನ: ವರದಿಯೂ ಫೀಡಿನ ಜೊತೆಗೇ ಹೋಗಿತ್ತು. ಬರುತ್ತಾರೋ ಇಲ್ಲವೋ ನೋಡಲು ಇದ್ದ ಒಂದೇ ಕಿಂಡಿಯನ್ನು ತಾನೇ ಮುಚ್ಚಿದ್ದ. ಕೇಳೋಣವೆಂದರೆ, ಕೇಳಿದರೆ ಬರುವ ಉತ್ತರ ಗೊತ್ತೇ ಇದೆ. ಮಧ್ಯಾಹ್ನಗಳು ಬಂದವು, ಹೋದವು. ಯಾರೋ ಒಬ್ಬರು ಒಡೆದ ಹೂಜಿಯ ಚೂರು ತಂದು ಬಣ್ಣ ಕೇಳಿದರು. ಕೂಡಿಸಿಕೊಟ್ಟ. ಮುಚ್ಚಳ ಬಿಗಿದ.

ಬುಧವಾರ ಸಂಜೆ ಅತ್ತೆ ಕೆಲಸದಿಂದ ಬಂದವರು ಚಪ್ಪಲಿ ಬಿಟ್ಟು ನೇರ ಅವನ ಮೇಜಿಗೇ ಬಂದರು. ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದರು. ಕಟ್ಟಿಸಿದ ಹಲ್ಲು ಇಟ್ಟುಕೊಳ್ಳಲು ಕ್ಲಿನಿಕ್ಕಿನಲ್ಲಿ ಕೊಡುವಂಥದ್ದು. ಒಳಗೆ ಹತ್ತಿ, ಹತ್ತಿಯ ಮೇಲೆ ಉಗುರಗಲದ ಬಣ್ಣದ ಚಕ್ಕೆ.

"ಎಲ್ಲಿಂದು ಅತ್ತೆ?"

"ಮೀನಿನ ತೊಟ್ಟಿ ಹಿಂದಿಂದು. ಅಲ್ಲಿಗೆ ಯಾರ ಕೈಯೂ ಹೋಗಲ್ಲ."

ಚಕ್ಕೆ ಅದನ್ನು ಮುಟ್ಟದೆ ಬಗ್ಗಿ ನೋಡಿದ. ಅಂಚು ಒಂದಿಷ್ಟೂ ಮುಕ್ಕಾಗಿರಲಿಲ್ಲ, ತಳದ ಸುಣ್ಣದ ಸಮೇತ ಎದ್ದಿತ್ತು. "ಯಾವುದರಲ್ಲಿ ಎಬ್ಬಿಸಿದ್ರಿ?"

"ಹಲ್ಲು ಕೆರೆಯೋ ಕೊಕ್ಕೆ ಇರುತ್ತಲ್ಲ. ಡಾಕ್ಟರು ಊಟಕ್ಕೆ ಹೋಗಿದ್ರು. ಉಗುರು ಹಾಕಬೇಡಿ ಅಂತ ನೀನೇ ಬರೆದಿದ್ಯಲ್ಲ."

"ಅದು ಗುರುವಾರದ್ದು. ಭಾನುವಾರ ನೀವು ಸರಕ್ ಸರಕ್ ಅಂತ ಜಾರಿಸಿದ್ದು!"

"ಗುರುವಾರ ಓದಿದ್ದನ್ನ ಭಾನುವಾರ ಮತ್ತೆ ಓದೋಕೆ ಅದೇನು ಔಷಧದ ಚೀಟಿಯೇನೋ?" ಅತ್ತೆ ಕುರ್ಚಿ ಎಳೆದು ಕೂತರು. "ಮೊದಮೊದಲು ಸುಮ್ಮನೆ ಜಾರಿಸ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಗೋಡೌನ್ ಬಾಗಿಲಿಂದು ಇತ್ತು ನೋಡು, ಒಂದು ದಿನ ಬೆರಳು ಅದರ ನಡುವೆ ನಿಂತುಬಿಡ್ತು. ಆ ಹಸಿರು ಯಾರು ಬಳಿಸಿದ್ದು ಅಂತ ಕೊನೇಗೂ ಹೇಳ್ಲೇ ಇಲ್ಲ ನೀನು."

"ಗೊತ್ತಿದ್ರೆ ತಾನೇ ಹೇಳೋದು."

"ಇದನ್ನಾದ್ರೂ ಹೇಳು. ನಾನು ಸೇರಿದಾಗಿಂದ ಆ ಗೋಡೆ ಬಿಳೀದೇ. ಅದರಡಿ ಗುಲಾಬಿ ಇದೆ. ಹಲ್ಲಿನ ಡಾಕ್ಟರಿಗೆ ಮುಂಚೆ ಅಲ್ಲಿ ಏನಿತ್ತೋ?"

ಚಕ್ಕೆ ದೀಪ ಹತ್ತಿರಕ್ಕೆ ಎಳೆದು ಭೂತಗನ್ನಡಿ ಹಿಡಿದ. ಬಿಳಿ, ಬಿಳಿ, ತೆಳು ಹಳದಿ. ಅದರಡಿ ಹೌದು, ಗುಲಾಬಿ, ನಾಯಿಯ ಕಿವಿಯೊಳಗಿನಂಥದ್ದು. ಗುಲಾಬಿಯ ಕೆಳಗೆ ಕೂದಲೆಳೆಯಷ್ಟು ಹೊಳೆಯುವ ಇನ್ನೊಂದು ಗೆರೆ.

"ಅತ್ತೆ, ಇದರ ಕೆಳಗೆ ಇನ್ನೊಂದು ಇದೆ."

"ಎಲ್ಲಿ?" ಅತ್ತೆ ಕನ್ನಡಕ ಏರಿಸಿ, ಅವನ ಕೈಯಿಂದ ಭೂತಗನ್ನಡಿ ಕಿತ್ತುಕೊಂಡರು. "ಸ್ವಲ್ಪ ಸರಿಯೋ ಆಚೆ, ನಿನ್ನ ತಲೆ ನೆರಳು ಬೀಳ್ತಿದೆ."