ಅವಳು ಹಾಕದ ಹೆಪ್ಪು

ನನ್ನ ಹೆಂಡತಿ ಮಾಡದ ತಪ್ಪೊಂದನ್ನು ಐದು ವರ್ಷ ಅವಳ ತಲೆಯ ಮೇಲೆ ಇರಲು ಬಿಟ್ಟವನು ನಾನು. ಅದನ್ನು ತಿಳಿಯಬೇಕಾದವನಿಗೆ ಕೊನೆಗೆ ತಿಳಿಸಿದೆ, ಅಷ್ಟು ಹೊತ್ತಿಗೆ ತಿಳಿದು ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಆದರೂ ಬರೆದಿಡುತ್ತೇನೆ.

ಅಜ್ಜಂಪುರದ ಪೇಟೆಯಲ್ಲಿ ನನ್ನದೊಂದು ಜವಳಿ ಅಂಗಡಿ ಇತ್ತು. ಹೈಸ್ಕೂಲು ಮುಗಿಸಿ ನೇರವಾಗಿ ಅಪ್ಪನ ಜಾಗದಲ್ಲಿ ಕೂತವನು ನಾನು. ನಮಗೆ ಒಬ್ಬನೇ ಮಗ. ಐ.ಟಿ.ಐ. ಮಾಡಿಕೊಂಡು ತರೀಕೆರೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದ. ಶನಿವಾರ ಸಂಜೆಯ ಬಸ್ಸಿಗೆ ಬಂದಾಗ ಮೈಯೆಲ್ಲ ವಾರ್ನಿಷ್ ವಾಸನೆ. ಅವನವ್ವ ಸೀಗೆಪುಡಿ ಕೊಟ್ಟು ಕೈ ಉಜ್ಜಿಸಿ ಆಮೇಲೆ ತಟ್ಟೆಯ ಮುಂದೆ ಕೂರಿಸುತ್ತಿದ್ದಳು. ಅವನು ಉಣ್ಣುವುದನ್ನು ನೋಡುವುದೇ ಅವಳ ವಾರದ ಕೆಲಸವಾಗಿತ್ತು.

ಎಪ್ಪತ್ತೇಳು, ಎಪ್ಪತ್ತೆಂಟರ ಸುಮಾರಿಗೆ ಅಮೃತಾಪುರದ ಕಡೆಯ ಗಿರಾಕಿಯೊಬ್ಬರು ಅವನನ್ನು ಕಡೂರಿನ ಒಂದು ಸತ್ಸಂಗಕ್ಕೆ ಕರೆದುಕೊಂಡು ಹೋದರಂತೆ. ಊರಾಚೆ ಬಾಡಿಗೆಗೆ ಹಿಡಿದ ಕೊಬ್ಬರಿ ಗೋಡೌನಿನಲ್ಲಿ ಹತ್ತಿಪ್ಪತ್ತು ಜನ, ಎಲ್ಲರೂ ಅಂಚಿಲ್ಲದ ಬಿಳಿ ಪಂಚೆಯವರು. ಮೊದಲು ಈರುಳ್ಳಿ ಬೆಳ್ಳುಳ್ಳಿ ಬಿಟ್ಟ. ಆಮೇಲೆ ಟೀ ಬಿಟ್ಟ. ಇಷ್ಟಕ್ಕೆ ನಾನೇನೂ ಅನ್ನಲಿಲ್ಲ, ಹುಡುಗ ಸಿಗರೇಟು ಸೇದಲು ಕಲಿತಿದ್ದರೆ ಏನು ಮಾಡುತ್ತಿದ್ದೆ ಅಂದುಕೊಂಡೆ. ಒಂದು ದಿನ ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು, ಇನ್ನು ಮೇಲೆ ಇದು ನನಗೆ ಬೇಡ ಅಂದ. ಹುಟ್ಟಿದ ಮಗುವಿಗೆ ಲಿಂಗ ಕಟ್ಟುವ ಮನೆ ನಮ್ಮದು. ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮಾರನೆಯ ದಿನದಿಂದ ತನ್ನ ಲಿಂಗಪೂಜೆಯಾದ ಮೇಲೆ ಅವನದಕ್ಕೂ ತಾನೇ ವಿಭೂತಿ ಹಚ್ಚತೊಡಗಿದಳು. ನಾನು ಮಠಕ್ಕೆ ಹೋಗಿ ಸ್ವಾಮಿಗಳ ಹತ್ತಿರ ಹೇಳಿಕೊಂಡೆ. ಜಗಳ ಮಾಡಬೇಡ, ಬಾಗಿಲು ತೆರೆದಿರಲಿ ಎಂದರು. ಅಷ್ಟು ಹೇಳಿಸಿಕೊಳ್ಳಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಸಿಟ್ಟು ಮಾಡಿಕೊಂಡು ವಾಪಸು ಬಂದೆ.

ವರ್ಷ ತುಂಬುವುದರೊಳಗೆ ಅವನು ಕೆಲಸ ಬಿಟ್ಟು ಕಡೂರಿನಲ್ಲೇ ಉಳಿದ. ಮೂರು ತಿಂಗಳಿಗೊಮ್ಮೆ ನಾಲ್ಕು ದಿನ ಮನೆಗೆ ಬರಲು ಅಪ್ಪಣೆ. ಆದರೆ ದೀಕ್ಷೆಯಾಗದವರು ಮುಟ್ಟಿದ ಅಡುಗೆ ಉಣ್ಣುವಂತಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತಾನೇ ಬಾವಿಯಿಂದ ನೀರು ಸೇದಿ, ತನ್ನ ಪಾತ್ರೆಯಲ್ಲಿ ಬೇಯಿಸಿಕೊಳ್ಳುತ್ತಿದ್ದ. ಅವ್ವ ಕೊಡಬಹುದಾದದ್ದು ಅಕ್ಕಿ, ಬೇಳೆ, ಹೆಚ್ಚದ ತರಕಾರಿ ಮಾತ್ರ. ಅವಳು ಸಂತೆಯಲ್ಲಿ ಎಳೆಯ ಬದನೆಕಾಯಿ ಒಂದೊಂದಾಗಿ ಆರಿಸಿ ತರುವಳು, ತೊಳೆದು ಒರೆಸಿ ಕೊಡುವಳು. ಅವನು ಅದನ್ನು ಇನ್ನೊಮ್ಮೆ ತೊಳೆಯುವನು. ಅವಳು ಬಚ್ಚಲ ಕಟ್ಟೆಯ ಮೇಲೆ ಕೂತು, ಅವನು ಅವಳದಲ್ಲದ ಅನ್ನ ಉಣ್ಣುವುದನ್ನು ನೋಡುವಳು. ಅವ್ವನನ್ನು ‘ನೀವು’ ಎನ್ನಲೂ ಶುರುಮಾಡಿದ್ದ, ಅವರಲ್ಲಿ ಎಲ್ಲರನ್ನೂ ಹಾಗೆಯೇ ಕರೆಯಬೇಕಂತೆ.

ಒಂದು ಸಲ ಅವಳು ತಡೆಯಲಾರದೆ ಕೇಳಿದಳು: “ಒಂದ್ ತುತ್ತು ನನ್ ಕೈಲಿ ಉಂಡ್ರೆ ನಿನ್ ದೇವ್ರಿಗೇನಾಗುತ್ತೋ?”

“ದೇವ್ರಿಗೇನೂ ಆಗಲ್ಲ. ನನಗಾಗುತ್ತೆ” ಅಂದ. ಒರಟಾಗಿ ಅನ್ನಲಿಲ್ಲ. ನಿಜವಾಗಿ ಹೆದರಿದವನ ಹಾಗೆ ಅಂದ.

ಹಾಲಿಗೆ ಮಾತ್ರ ನಮ್ಮ ಹಸು ನಡೆಯುತ್ತಿತ್ತು. ತಾನೇ ಕರೆದು ತಾನೇ ಕಾಯಿಸುವನು. ಮೊಸರಿಗೆ ಹೆಪ್ಪನ್ನು ಕಡೂರಿನಿಂದ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದ. ಅದು ಅವರ ಗುರುವಿನ ಅಡುಗೆಮನೆಯಿಂದ ಬಂದದ್ದು, ದಿನದಿಂದ ದಿನಕ್ಕೆ, ಪಾತ್ರೆಯಿಂದ ಪಾತ್ರೆಗೆ, ಒಂದು ದಿನವೂ ಕಡಿಯದೆ ಉಳಿಸಿಕೊಂಡು ಬಂದದ್ದು ಎಂದು ಹೇಳಿದ್ದ. ಆ ಡಬ್ಬಿ ಕಂಡರೆ ನನಗೆ ಮೈಯುರಿಯುತ್ತಿತ್ತು. ನಮ್ಮ ಮನೆಯ ಹೆಪ್ಪು ನನ್ನ ತಾಯಿಯ ಕಾಲದಿಂದ ಬಂದದ್ದು. ಅದಕ್ಕೆ ಬೆಲೆಯಿಲ್ಲ, ಗೋಡೌನಿನದಕ್ಕೆ ಇದೆ.

ಆ ಬೇಸಿಗೆ ಅವನು ಬಂದ ಮೊದಲ ಸಂಜೆ ಕೆರೆಯ ಕಡೆ ಸ್ನಾನಕ್ಕೆ ಹೋಗಿದ್ದ. ಅವನವ್ವ ಹೂ ಕಟ್ಟುತ್ತ ಪಕ್ಕದ ಮನೆಯ ಜಗುಲಿಯಲ್ಲಿದ್ದಳು. ಕಾಯಿಸಿದ ಹಾಲು ಆರಲು ಇಟ್ಟಿತ್ತು, ಪಕ್ಕದಲ್ಲೇ ಡಬ್ಬಿ. ನಾನು ಡಬ್ಬಿಯಲ್ಲಿದ್ದುದನ್ನು ಹಸುವಿನ ಬಾನಿಗೆ ಸುರಿದು, ನಮ್ಮ ಗಡಿಗೆಯಿಂದ ಅಷ್ಟೇ ಮೊಸರು ತೆಗೆದು ತುಂಬಿ, ಅಂಚು ಒರೆಸಿ ಮುಚ್ಚಳ ಹಾಕಿದೆ. ಅವನು ಬಂದು ತನ್ನ ಕೈಯಾರೆ ಅದನ್ನೇ ಹಾಲಿಗೆ ಹಾಕಿದ. ಹೆಂಡತಿಗಾಗಿ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅವಳಿಗಾಗಿಯೇ ಆಗಿದ್ದರೆ ಅವಳಿಗೆ ಹೇಳುತ್ತಿದ್ದೆ. ಹೇಳಲಿಲ್ಲ. ಮೂರು ದಿನ ಅವನು ಮೊಸರನ್ನ ಕಲಸುವುದನ್ನು ನೋಡಿ ಒಳಗೊಳಗೇ ನಕ್ಕೆ. ನನಗೆ ಗೆಲ್ಲಬೇಕಿತ್ತು, ಅಷ್ಟೆ.

ನಾಲ್ಕನೆಯ ದಿನ, ಮಧ್ಯಾಹ್ನದ ಊಟದ ಹೊತ್ತು, ಬುಕ್ಕಾಂಬುಧಿಯಲ್ಲಿದ್ದ ನೆಂಟರ ಮನೆ ಮದುವೆಯ ಮಾತು ಬಂತು. ಬಂದು ಪಂಕ್ತಿಯಲ್ಲಿ ಒಂದು ಹೊತ್ತು ಕೂತು ಉಣ್ಣು, ನನಗೆ ನಾಲ್ಕು ಜನರ ಮುಂದೆ ತಲೆಯೆತ್ತಲು ಆಗುತ್ತಿಲ್ಲ ಎಂದೆ. ಆಗುವುದಿಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಬೆಳೆಸಿದವನು ನಾನೇ, ಅವನು ಒಂದೇ ಮಾತನ್ನು ಮೆಲ್ಲಗೆ ತಿರುತಿರುಗಿ ಹೇಳುತ್ತಿದ್ದ. ಆ ಮೆಲ್ಲಗಿನ ದನಿಯೇ ನನ್ನನ್ನು ಕೆರಳಿಸಿತು.

“ಮೂರು ದಿನದಿಂದ ನಿಮ್ಮವ್ವನ ಹೆಪ್ಪಿನ ಮೊಸರೇ ಉಂಡಿದ್ದೀಯ ಕಣೋ” ಎಂದೆ. “ಏನಾಯ್ತು? ಸತ್ತೋದ್ಯಾ?”

ಅವನ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಕಡೆ ನೋಡಲಿಲ್ಲ, ಬಚ್ಚಲ ಕಟ್ಟೆಯ ಕಡೆ ತಿರುಗಿದ.

“ನೀನು ಹಾಕಿದ್ಯಾ ಅವ್ವಾ?”

ಎಷ್ಟೋ ದಿನಗಳ ಮೇಲೆ ಅವಳನ್ನು ‘ನೀನು’ ಅಂದದ್ದು ಆಗಲೇ. ಅವಳಿಗೆ ಏನೊಂದೂ ಗೊತ್ತಿರಲಿಲ್ಲ. ನನ್ನ ಮುಖ ನೋಡಿದಳು. ನೋಡಿದ್ದೇ ತಡ, ಅವಳಿಗೆ ಎಲ್ಲ ತಿಳಿಯಿತು. ಹಾಕಿದ್ದು ನಾನು ಎನ್ನಲು ನನಗೆ ಬೇಕಾದಷ್ಟು ಸಮಯವಿತ್ತು. ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡೆ.

“ಹೂಂ ಕಣಪ್ಪ, ನಾನೇ” ಅಂದಳು.

ಅವನು ಬೈಯಲಿಲ್ಲ. ಹಿತ್ತಲ ಮೂಲೆಗೆ ಹೋಗಿ ಬಾಯಿಗೆ ಬೆರಳು ಹಾಕಿ ಉಂಡದ್ದನ್ನು ಕಕ್ಕಿದ. ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ. ಅವ್ವನ ಕಾಲಿಗೆ ನಮಸ್ಕಾರ ಮಾಡಿ, ಡಬ್ಬಿಯನ್ನು ಅಲ್ಲೇ ಬಿಟ್ಟು, ಬಸ್ ಸ್ಟ್ಯಾಂಡಿಗೆ ಹೊರಟ.

ಯಾಕೆ ಹಾಗೆ ಹೇಳಿದೆ ಎಂದು ಅವಳನ್ನು ಕೇಳಿದೆ. “ನಿಮ್ ಮೇಲಾದ್ರೆ ಅವ್ನು ಈ ಬಾಗ್ಲಿಗೇ ಬರಲ್ಲ ಕಣ್ರೀ. ನಾನಾದ್ರೆ ನಾಕ್ ದಿನ ಮುನಿಸ್ಕೊಂಡು ಬತ್ತಾನೆ” ಎಂದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಬರಲಿಲ್ಲ. ಅವನ ವ್ರತ ಕೆಟ್ಟಿದೆ, ಮೊದಲನೆಯ ಮೆಟ್ಟಿಲಿನಿಂದ ಮತ್ತೆ ಶುರುಮಾಡಬೇಕು, ಅಲ್ಲಿಯವರೆಗೆ ಮನೆಗೆ ಹೋಗುವಂತಿಲ್ಲ ಎಂದು ಅವರ ಹಿರಿಯರಿಂದ ಕಾರ್ಡು ಬಂತು. ಒಂದು ವರ್ಷವಾಯಿತು, ಎರಡಾಯಿತು. ಬಸ್ಸು ಬರುವ ಹೊತ್ತಿಗೆ ಅವಳು ಏನೋ ಕೆಲಸ ಮಾಡಿಕೊಂಡು ಬಾಗಿಲ ಹತ್ತಿರವೇ ಇರುತ್ತಿದ್ದಳು. ದಿನವೂ ಬರೆಯೋಣವೆಂದುಕೊಂಡೆ. ಇನ್‌ಲೆಂಡ್ ಲೆಟರು ತಂದೂ ಇಟ್ಟಿದ್ದೆ. ‘ಚಿರಂಜೀವಿ’ ಎಂದು ಬರೆದು ಕೂತರೆ ಮುಂದಿನ ಸಾಲು ಹುಟ್ಟುತ್ತಿರಲಿಲ್ಲ. ಅಪ್ಪನಾದವನು ಕಳ್ಳನ ಹಾಗೆ ಡಬ್ಬಿ ತೆರೆದೆ ಎಂದು ಮಗನಿಗೆ ಬರೆಯುವುದು ಹೇಗೆ?

ಐದನೆಯ ವರ್ಷ ಅವಳ ಕಾಲು ಬಾತುಕೊಂಡವು. ಮೂತ್ರಪಿಂಡ ಎಂದರು ಡಾಕ್ಟರು. ಅವಳು ಹಾಸಿಗೆ ಹಿಡಿದ ಮೇಲೆ ನಾನು ಕಡೂರಿಗೆ ಹೋದೆ. ಗೋಡೌನಿನ ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಆ ಹಿರಿಯರು ಬಹಳ ಸಂಭಾವಿತರು, ಊಟಕ್ಕೆ ಏಳಿ ಎಂದು ಮೂರು ಸಲ ಕರೆದರು. ನಾನು ಒಲ್ಲೆನೆಂದೆ. ಮಗ ಬಂದು ಕೂತ. ಬಡವಾಗಿದ್ದ. ಅವ್ವನಿಗೆ ಹೀಗಾಗಿದೆ, ಒಂದು ಸಲ ಬಾ ಎಂದೆ. ಅವನು ತಲೆ ತಗ್ಗಿಸಿಕೊಂಡು, ಅವರ ಮೇಲೆ ನನಗೇನೂ ಇಲ್ಲ, ದಿನವೂ ಅವರಿಗಾಗಿ ಪ್ರಾರ್ಥನೆ ಮಾಡುತ್ತೇನೆ ಎಂದ. ಮತ್ತೆ, “ಯಾರಾದ್ರೂ ಮಾಡ್ಲಿ ಅಪ್ಪ, ಅವ್ವ ಮಾಡ್ಬಾರ್ದಿತ್ತು” ಎಂದ.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ಆಗಲೇ ಗೊತ್ತಾಗಿತ್ತು. ಹಿರಿಯರು ಎರಡು ಮಾರು ದೂರದಲ್ಲಿ ಕೂತಿದ್ದರು. ಅವರ ಮುಂದೆ ಸಣ್ಣವನಾಗಲು ನನಗೆ ಮನಸ್ಸು ಬರಲಿಲ್ಲ. ಚಪ್ಪಲಿ ಮೆಟ್ಟಿ ಎದ್ದು ಬಂದೆ. ಮನೆಯಲ್ಲಿ ಅವಳು ಕೇಳಿದಾಗ, ಮುಂದಿನ ವಾರ ಬರುತ್ತಾನಂತೆ ಎಂದುಬಿಟ್ಟೆ. ಅವಳು ಕೆಲಸದವಳನ್ನು ಕರೆಸಿ ಹಿತ್ತಲ ಒಲೆಯ ಕಲ್ಲುಗಳನ್ನು ಸಾರಿಸಲು ಹೇಳಿದಳು. ಬದನೆಕಾಯಿ ತರಿಸಿದಳು. ಅವು ಬಾಡಿದವು, ಇನ್ನೊಮ್ಮೆ ತರಿಸಿದಳು. ಮೂರನೆಯ ಸಲ ತರಿಸಲು ಅವಳಿರಲಿಲ್ಲ.

ಮಣ್ಣು ಮಾಡುವ ಹೊತ್ತಿಗೆ ಮಗ ಬಂದ. ಮೂರು ಹಿಡಿ ಮಣ್ಣು ಹಾಕಿದ. ಮನೆಯೊಳಕ್ಕೆ ಬರದೆ ಅಲ್ಲಿಂದಲೇ ಸ್ಟೇಷನ್ನಿಗೆ ನಡೆದ. ನಾನು ನೆಂಟರನ್ನು ಬಿಟ್ಟು ಅವನ ಹಿಂದೆ ಹೋದೆ. ಪ್ಲಾಟ್‌ಫಾರಂನಲ್ಲಿ ಬೇರೆ ಯಾರೂ ಇರಲಿಲ್ಲ. ನಿಂತೇ ಹೇಳಿದೆ, ಒಂದೇ ಉಸಿರಿಗೆ: ಡಬ್ಬಿ ತೆರೆದದ್ದು ನಾನು, ಅವಳಿಗೆ ಗೊತ್ತೇ ಇರಲಿಲ್ಲ, ನೀನು ಕೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು.

ಅವನು ಹಳಿಗಳ ಕಡೆ ತಿರುಗಿದ. “ಕೊನೇವರ್ಗೂ ಯಾರಿಗೂ ಹೇಳ್ಲಿಲ್ವಾ ಅವ್ವ?” ಎಂದು ಕೇಳಿದ.

“ಇಲ್ಲ.”

ಅವನ ಕೈ ಮುಷ್ಟಿಯಾಗಿತ್ತು. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಸಾಕು ಎನಿಸಿತು. ಬೈಯೋ, ಏನಾದರೂ ಅನ್ನೋ ಎಂದೆ.

“ಸಿಟ್ಟು ಮಾಡ್ಕೊಳೋ ಹಂಗಿಲ್ಲ ಅಪ್ಪ ನಾವು” ಎಂದ. ಅಷ್ಟು ಹೇಳಿ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಏನನ್ನೋ ಜಪಿಸತೊಡಗಿದ.

ಬೀರೂರಿನ ಕಡೆ ಹೋಗುವ ರೈಲಿಗೆ ಇನ್ನೂ ಅರ್ಧ ಗಂಟೆ ಇತ್ತು. ನಾನು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ರೈಲು ಬರುವ ತನಕ ಅವನು ಕಣ್ಣು ತೆರೆಯಲಿಲ್ಲ.