ಎರಡು ಬಟ್ಟಲಿನ ಮೇಜು: ಸಭಾಪಾಲಕಿ ಗುಡ್ರುನ್ ಟಾಂಗೆನ್

ಸಸ್ಕಾಚುವಾನ್ ಪ್ರಾಂತದ ಗೋಧಿ ಬಯಲಿನಲ್ಲಿ ಕ್ರೈಸ್ತ ಪಂಗಡಗಳ ಐಕ್ಯದ ಬಗ್ಗೆ ಮಾತೆತ್ತುವವರು ಯಾರೇ ಆಗಲಿ, ನಾಲ್ಕನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಟೀಲ್ ಕ್ರೀಕಿನ ಹೆಸರು ಹೇಳುತ್ತಾರೆ. ಟೀಲ್ ಕ್ರೀಕ್ ಎಂದ ಮೇಲೆ ಗುಡ್ರುನ್ ಟಾಂಗೆನ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಐಕ್ಯದ ಮೇಲೆ ದಪ್ಪ ಗ್ರಂಥ ಬರೆದವರು ನಮ್ಮಲ್ಲಿದ್ದಾರೆ, ಸಮ್ಮೇಳನಗಳಲ್ಲಿ ನಿರ್ಣಯ ಮಂಡಿಸಿ ಚಪ್ಪಾಳೆ ಗಿಟ್ಟಿಸಿದವರೂ ಇದ್ದಾರೆ. ಆದರೆ ನಾನೂರು ಜನರ ಊರಿನಲ್ಲಿ, ಒಬ್ಬರ ಅಜ್ಜನ ಜಗಳ ಇನ್ನೊಬ್ಬರ ಮೊಮ್ಮಗನಿಗೂ ಬಾಯಿಪಾಠವಾಗಿರುವ ಕಡೆ, ಮೂರು ಪಂಗಡಗಳನ್ನು ಒಂದೇ ಸೂರಿನಡಿ ತಂದು, ತಂದ ಮೇಲೆ ಚದುರಲು ಬಿಡದೆ ನಡೆಸಿದವರು ವಿರಳ. ಮೂವತ್ತೈದು ವರ್ಷಗಳ ಸೇವೆ ಮುಗಿಸಿ, ಅರವತ್ತೆಂಟರ ಹರೆಯದಲ್ಲಿ ಅವರು ಈ ಜೂನ್ ತಿಂಗಳ ಕೊನೆಯ ಭಾನುವಾರ ನಿವೃತ್ತರಾದರು. ಹರೆಯ ಎಂಬ ಮಾತನ್ನು ನಾವು ತಪ್ಪಿ ಬರೆದಿಲ್ಲ.

ಗುಡ್ರುನ್ ಅವರು ಹುಟ್ಟಿದ್ದು ಇಲ್ಲಿಂದ ಉತ್ತರಕ್ಕೆ, ನಾರ್ವೆ ಮೂಲದ ರೈತರ ಮನೆಯಲ್ಲಿ. ಅವರ ಹೊಲದ ಪಕ್ಕದ ಜಲ್ಲಿರಸ್ತೆಯ ಆಚೆ ಒಂದು, ಈಚೆ ಒಂದು, ಎರಡು ಲೂಥರನ್ ಚರ್ಚುಗಳಿದ್ದವು. ಭಾಷೆ ಒಂದೇ, ಹಾಡಿನ ಪುಸ್ತಕ ಒಂದೇ, ಕ್ರಿಸ್ಮಸ್ಸಿಗೆ ಸುಡುವ ತೆಳ್ಳನೆಯ ಆಲೂಗಡ್ಡೆ ರೊಟ್ಟಿಯೂ ಒಂದೇ. ದೇವರು ಮನುಷ್ಯನನ್ನು ಹುಟ್ಟುವ ಮೊದಲೇ ಆರಿಸಿಕೊಂಡಿರುತ್ತಾನೋ ಇಲ್ಲವೋ ಎಂಬ ಹಳೆಯ ವಾದವೊಂದು ಆ ಜನರನ್ನು ಎರಡು ಮಾಡಿತ್ತು. ಏಳು ವರ್ಷದ ಗುಡ್ರುನ್, ಅಜ್ಜಿಯನ್ನು ಅಜ್ಜನ ಪಕ್ಕದಲ್ಲಿ ಹೂಳದೆ ರಸ್ತೆ ದಾಟಿಸಿ ಹೂಳುವುದನ್ನು ಕಂಡು, "ಅಜ್ಜಿ ಯಾಕೆ ಆ ಕಡೆ?" ಎಂದು ತಂದೆಯನ್ನು ಕೇಳಿದರು. "ಅವರು ಹಾಗೆ, ನಾವು ಹೀಗೆ. ಸುಮ್ನಿರು," ಎಂದರು ತಂದೆ. ಸುಮ್ಮನಿರುವುದು ಮಗಳ ಕೈಯಲ್ಲಿ ಆಗಲಿಲ್ಲ. ದೇವಶಾಸ್ತ್ರ ಓದಲು ಹೊರಟಾಗ, ಯಾಕಮ್ಮ ಈ ಹಾದಿ ಎಂದವರಿಗೆಲ್ಲ, ಮನೆಯಲ್ಲಿ ಉತ್ತರ ಸಿಗಲಿಲ್ಲ ಅದಕ್ಕೇ ಎನ್ನುತ್ತಿದ್ದರಂತೆ.

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಅವರು ಟೀಲ್ ಕ್ರೀಕಿಗೆ ಬಂದದ್ದು ಬರೀ ಲೂಥರನ್ನರ ಪಾಲಕಿಯಾಗಿ. ಆಗ ಊರಿನಲ್ಲಿ ನಾಲ್ಕು ಗೋಪುರಗಳಿದ್ದವು: ಲೂಥರನ್ನರದು, ಆಂಗ್ಲಿಕನ್ನರದು, ಯುನೈಟೆಡ್ ಚರ್ಚಿನವರದು, ಮತ್ತು ಊರಂಚಿನಲ್ಲಿ ಈರುಳ್ಳಿ ಗುಮ್ಮಟದ ಯುಕ್ರೇನಿಯನ್ ಕ್ಯಾಥೊಲಿಕರದು. ಪ್ರತಿಯೊಂದರಲ್ಲೂ ಜನಕ್ಕಿಂತ ಬೆಂಚುಗಳೇ ಹೆಚ್ಚು. ಮೂರನೆಯ ಚಳಿಗಾಲದ ಒಂದು ಮುಂಜಾನೆ, ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿದ್ದಾಗ, ಯುನೈಟೆಡ್ ಚರ್ಚನ್ನು ಬೆಚ್ಚಗಿಡುವ ಹಳೆಯ ಕುಲುಮೆಯಿಂದ ಬೆಂಕಿ ಹತ್ತಿ ಕಟ್ಟಡವೆಲ್ಲ ಉರಿದುಹೋಯಿತು. ಗುಡ್ರುನ್ ಅವರು ಯಾರನ್ನೂ ಕೇಳಲು ಹೋಗಲಿಲ್ಲ. ತಮ್ಮ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: "ಭಾನುವಾರ ಹತ್ತು ಗಂಟೆಗೆ, ಎಲ್ಲರೂ. ಒಲೆ ಹೊತ್ತಿರುತ್ತದೆ." ಆಂಗ್ಲಿಕನ್ನರ ಪಾದ್ರಿ ಎರಡು ವರ್ಷದ ಹಿಂದೆಯೇ ವರ್ಗವಾಗಿ, ಬದಲಿಗೆ ಯಾರೂ ಬಂದಿರಲಿಲ್ಲ, ಹಾಗಾಗಿ ಆ ಸಭೆಯ ಜನರೂ ಬಂದರು. ಚಳಿ ಕಟ್ಟಿದ ಆ ಒಗ್ಗಟ್ಟು ಬೇಸಗೆಗೆ ಕರಗಲಿಲ್ಲ. ಮೇ ತಿಂಗಳಿಗೆ ಮೂರು ಸಭೆಗಳೂ ಶಾಶ್ವತವಾಗಿ ಕೂಡಿಕೊಳ್ಳುವ ಮಾತು ಬಂತು. ಮೇಲಿನ ಕಚೇರಿಗಳಿಂದ ಒಪ್ಪಿಗೆಯ ಪತ್ರಗಳೂ ಬಂದವು.

ಹಾಡು, ಪ್ರಾರ್ಥನೆ, ಬೆಂಚಿನ ಜಾಗ ಎಲ್ಲವೂ ಹೇಗೋ ಹೊಂದಿಕೊಂಡವು. ಹೊಂದದೆ ಉಳಿದದ್ದು ಒಂದೇ: ಸ್ವಾಮಿಯ ಕೊನೆಯ ಊಟದ ನೆನಪಿಗೆ ಹಂಚುವ ಪವಿತ್ರ ಭೋಜನದ ಬಟ್ಟಲಿನಲ್ಲಿ ಏನಿರಬೇಕು? ಆಂಗ್ಲಿಕನ್ನರ ಹಿರಿಯರಾದ ಆರ್ಚಿ ಪೆಲ್, ಎಪ್ಪತ್ತು ವರ್ಷದ ಗೋಧಿ ರೈತರು, ಹುಳಿ ಬಂದ ನಿಜವಾದ ವೈನು, ಎಲ್ಲರಿಗೂ ಒಂದೇ ಬಟ್ಟಲು ಎಂದರು. ಯುನೈಟೆಡ್ ಚರ್ಚಿನ ಬ್ಯೂಲಾ ಸ್ಪ್ರೌಲ್, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ನಿವೃತ್ತ ಟೀಚರು, ಹುಳಿಯದ ದ್ರಾಕ್ಷಿ ರಸ, ಮತ್ತೊಂದಲ್ಲ ಎಂದರು. ಕರ್ಲಿಂಗ್ ಆಟದ ಮನೆಯ ಮೇಲಂತಸ್ತಿನಲ್ಲಿ ಕೂಟ ಸೇರಿತು.

"ಮಕ್ಕಳ ಹುಟ್ಟುಹಬ್ಬಕ್ಕೆ ಕೊಡೋ ಶರಬತ್ತು ಹಿಡ್ಕೊಂಡು ಸ್ವಾಮಿಯ ಹೆಸರು ಹೇಳೋಕೆ ನನ್ನಿಂದಾಗಲ್ಲ," ಎಂದರು ಆರ್ಚಿ.

"ನಿನಗೆ ಭಾನುವಾರ ಬೆಳಿಗ್ಗೆನೂ ಒಂದು ಗುಟುಕು ಬೇಕು ಅನ್ನಪ್ಪ, ಸ್ವಾಮಿ ಮೇಲೆ ಯಾಕೆ ಹಾಕ್ತೀಯ?" ಎಂದರು ಬ್ಯೂಲಾ.

ಗುಡ್ರುನ್ ಅವರಿಗೆ ಆಗ ಮೂವತ್ತಾರು ವರ್ಷ. ಚುರುಕು ಇತ್ತು, ತಾಳ್ಮೆ ಇನ್ನೂ ಬಂದಿರಲಿಲ್ಲ. ಅವರು ಮತಕ್ಕೆ ಹಾಕಿದರು. ವೈನಿನ ಪರವಾಗಿ ಐವತ್ತೆರಡು ಕೈ, ವಿರೋಧವಾಗಿ ಹನ್ನೆರಡು. ಬ್ಯೂಲಾ ಕೋಟು ತೊಟ್ಟು, ಗುಂಡಿಗಳನ್ನೆಲ್ಲ ಒಂದೊಂದಾಗಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದರು. ಅವರ ಹಿಂದೆ ಹನ್ನೊಂದು ಜನ ಇಳಿದರು. ಉಳಿದವರು ಕಾಫಿ ಕುಡಿದು ಪಾಲಕಿಯ ಬೆನ್ನು ತಟ್ಟಿದರು. ಗೆದ್ದೆ ಎಂಬ ಸಂತೋಷ ತಮಗೆ ಮನೆ ಮುಟ್ಟುವವರೆಗೂ ಉಳಿಯಲಿಲ್ಲ ಎಂದು ಗುಡ್ರುನ್ ಅವರೇ ಮುಂದೆ ಎಷ್ಟೋ ಸಲ ಹೇಳಿದ್ದಾರೆ.

ಮಾರನೆಯ ದಿನ ಅವರು ಬ್ಯೂಲಾ ಅವರ ಮನೆಗೆ ಹೋದರು. ಬ್ಯೂಲಾ ಬಾಗಿಲು ತೆಗೆದರು, ಕುರ್ಚಿ ಕೊಡಲಿಲ್ಲ.

"ನೀವು ಗೆದ್ರಿ, ಪಾಸ್ಟರಮ್ಮ. ನಾನು ಹೊರಗೆ ಬಂದೆ. ಇದಕ್ಕೇನಾ ನೀವು ಒಂದಾಗೋದು ಅನ್ನೋದು?"

"ಅಲ್ಲ," ಎಂದು ಹೇಳಿ ಗುಡ್ರುನ್ ಅವರು ಹಿಂದಿರುಗಿದರು.

ಆ ಭಾನುವಾರ ಅವರು ಪೀಠದ ಮೇಲೆ ನಿಂತು ಮಾಡಿದ್ದು ಅವರ ಸೇವಾಜೀವನದಲ್ಲೇ ಅತ್ಯಂತ ಚಿಕ್ಕ ಪ್ರಸಂಗ. "ಕೈ ಎಣಿಸಿ ಒಂದಾಗೋಕೆ ಆಗಲ್ಲ. ತಪ್ಪು ನನ್ನದು. ಆ ನಿರ್ಣಯ ನಾನು ವಾಪಸ್ ತಗೊಂಡಿದ್ದೀನಿ. ಎಲ್ಲರೂ ಕೂತು ತಿನ್ನೋ ದಿನ ಬರೋವರೆಗೂ ಈ ಮೇಜಿನ ಮೇಲೆ ಏನೂ ಇಡಲ್ಲ." ಬಹುಮತದವರು ಕೆಂಡವಾದರು. ಇದು ಹುಡುಗಾಟವೇ ಎಂದು ಕೇಳಿದವರಿದ್ದರು, ಮೇಲಿನ ಕಚೇರಿಗೆ ದೂರು ಬರೆದವರೂ ಇದ್ದರು. ಆಕೆ ಕದಲಲಿಲ್ಲ. ಹತ್ತೊಂಬತ್ತು ತಿಂಗಳು ಟೀಲ್ ಕ್ರೀಕಿನಲ್ಲಿ ಪವಿತ್ರ ಭೋಜನ ನಡೆಯಲಿಲ್ಲ. ಅದರ ಬದಲು ಬುಧವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಬಟಾಣಿ ಸೂಪು ಮತ್ತು ಬನ್ನು. ವಾರಕ್ಕೊಬ್ಬರು ತಮ್ಮ ಮನೆಯ ಭಕ್ತಿ ಏಕೆ ಹಾಗಿದೆ ಎಂದು ಹೇಳಬೇಕು, ಉಳಿದವರು ಉತ್ತರ ಕೊಡದೆ ಕೇಳಬೇಕು. ಅದೊಂದೇ ನಿಯಮ. ಬ್ಯೂಲಾ ಏಳನೆಯ ಬುಧವಾರ ಬಂದರು. ಸೂಪಿಗೆ ಉಪ್ಪು ಸಾಲದು ಎಂದರು, ಕೂತರು.

ಅವರ ಸರದಿ ಬಂದಾಗ ಬ್ಯೂಲಾ ಹೇಳಿದ್ದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ. "ನನಗೆ ಒಂಬತ್ತು ವರ್ಷ. ಹಾಲು ಕರೆಯೋಕೆ ಅಂತ ಬೆಳಿಗ್ಗೆ ಕೊಟ್ಟಿಗೆಗೆ ಹೊರಟೆ. ಮನೆಯಿಂದ ಐವತ್ತು ಹೆಜ್ಜೆ ಆಚೆ ಅಪ್ಪ ಬಿದ್ದಿದ್ರು. ಹೆಂಡದಂಗಡಿಯಿಂದ ಹನ್ನೊಂದು ಕಿಲೋಮೀಟರ್ ನಡೆದು ಬಂದೋರಿಗೆ ಆ ಐವತ್ತು ಹೆಜ್ಜೆ ಆಗ್ಲಿಲ್ಲ. ಗಡ್ಡದ ಮೇಲೆಲ್ಲ ಹಿಮ. ನಾನು ಎಬ್ಬಿಸೋಕೆ ನೋಡಿದೆ. ಆ ವಾಸನೆ ಇತ್ತಲ್ಲ, ಅದು ಬಟ್ಟಲಲ್ಲಿದ್ರೆ ನನಗೆ ದೇವರು ಕಾಣ್ಸಲ್ಲ, ಅಪ್ಪ ಕಾಣ್ತಾರೆ."

ಮುಂದಿನ ಬುಧವಾರ ಆರ್ಚಿ ಪೆಲ್ ತಮ್ಮ ಸರದಿಯಲ್ಲದಿದ್ದರೂ ಎದ್ದು ನಿಂತರು. ನಲವತ್ತನಾಲ್ಕರ ಯುದ್ಧದಲ್ಲಿ ಇಟಲಿಯ ಒಂದು ನದಿಯ ದಡದಲ್ಲಿ, ದಾಟುವ ಮೊದಲು, ಸೈನ್ಯದ ಪಾದ್ರಿಯೊಬ್ಬರು ಒಂದೇ ತಗಡಿನ ಲೋಟದಲ್ಲಿ ಹನ್ನೊಂದು ಜನಕ್ಕೆ ವೈನು ಕೊಟ್ಟರು ಎಂದರು. "ನನ್ನ ಮುಂದಿದ್ದವನ ತುಟಿ ತಾಕಿದ ಜಾಗಕ್ಕೇ ನನ್ನ ತುಟಿ ತಾಕ್ತು. ಸಂಜೆಗೆ ನಾವು ನಾಲ್ಕೇ ಜನ. ಒಂದೇ ಬಟ್ಟಲು ಅಂತ ನಾನು ಹಟ ಹಿಡಿಯೋದು ಅದಕ್ಕೆ. ಅವರ ಜೊತೆ ಕುಡಿದ ಹಾಗಾಗುತ್ತೆ. ಬೇರೇನಿಲ್ಲ." ಅವರ ಹೆಂಡತಿಗೂ ಅದುವರೆಗೆ ಹೇಳಿರಲಿಲ್ಲವಂತೆ.

ಮಾತು ಮುಗಿದರೂ ಒಪ್ಪಂದ ಕೂಡಲೇ ಆಗಲಿಲ್ಲ. ಗುಡ್ರುನ್ ಅವರಿಗೆ ಆ ಒಂದು ವರ್ಷದಲ್ಲಿ ಎರಡು ಸಲ ಬೇರೆ ಊರುಗಳಿಂದ ಕರೆ ಬಂತು. ಹೋಗಿಬಿಡಲೇ ಎಂದು ಅವರಿಗೂ ಅನ್ನಿಸಿತ್ತು. ಕೊಯ್ಲು ಮುಗಿದ ಮೇಲೆ ಒಂದು ದಿನ ಆರ್ಚಿ ಅವರೇ ಪಾಲಕಿಯ ಮನೆಗೆ ಬಂದು, ಟೋಪಿ ಕೈಯಲ್ಲಿ ತಿರುಗಿಸುತ್ತ ಅಡುಗೆಮನೆಯಲ್ಲಿ ನಿಂತರು.

"ಎರಡು ಬಟ್ಟಲು ಇಡಿ, ಪಾಸ್ಟರಮ್ಮ. ಒಂದರಲ್ಲಿ ವೈನು, ಒಂದರಲ್ಲಿ ಬ್ಯೂಲಾಳ ರಸ. ಮೇಜು ಒಂದೇ, ಪ್ರಾರ್ಥನೆ ಒಂದೇ."

"ವೈನು ನಾನು ಹಿಡೀತೀನಿ. ಎರಡನೆಯದು ಯಾರು ಹಿಡೀತಾರೆ, ಆರ್ಚಿಯವರೇ?"

"ಇನ್ಯಾರು? ನಾನೇ."

ತೊಂಬತ್ತಮೂರರ ಡಿಸೆಂಬರಿನ ಒಂದು ಭಾನುವಾರ, ಹನ್ನೆರಡು ಜನ ಬಿಟ್ಟುಹೋಗಿದ್ದ ಬೆಂಚುಗಳು ಮತ್ತೆ ತುಂಬಿದವು. ಶರಬತ್ತು ಎಂದು ಹೀಯಾಳಿಸಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಆರ್ಚಿ ಪೆಲ್ ಬ್ಯೂಲಾ ಅವರ ಮುಂದೆ ನಿಂತರು. ಸಾಲಿನಲ್ಲಿ ಹತ್ತಿರವಿದ್ದವರಿಗೆಲ್ಲ ಕೇಳಿಸಿತು.

"ಅಂಚಿನವರೆಗೂ ತುಂಬಿಸಿದ್ದೀಯಲ್ಲೋ ಆರ್ಚಿ. ಚೆಲ್ಲೀಯ."

"ಚೆಲ್ಲಿದ್ರೆ ಒರೆಸೋಕೆ ಮೂರು ಪಂಗಡದೋರಿದ್ದಾರೆ. ಕುಡಿ."

ಬ್ಯೂಲಾ ನಕ್ಕರು, ಅತ್ತರು, ಕುಡಿದರು. ಇನ್ನೊಂದು ಬಟ್ಟಲು ಹಿಡಿದು ನಿಂತಿದ್ದ ಗುಡ್ರುನ್ ಅವರು ಹೇಳಬೇಕಾದ ಮಾತನ್ನೇ ಮರೆತು ನಿಂತುಬಿಟ್ಟರು. ಮುಂದಿದ್ದವರು ಮೆಲ್ಲನೆ ನೆನಪಿಸಬೇಕಾಯಿತು.

ಆಮೇಲಿನ ಮೂವತ್ತು ವರ್ಷಗಳಲ್ಲಿ ನಾನಾ ಪ್ರಾಂತಗಳಿಂದ ಜನ ಈ ಊರಿಗೆ ಬಂದು, ನಿಮ್ಮ ಸೂತ್ರವೇನು ಎಂದು ಕೇಳಿ ಬರೆದುಕೊಂಡು ಹೋಗಿದ್ದಾರೆ. ಗುಡ್ರುನ್ ಅವರು ಅವರಿಗೆಲ್ಲ ಮೊದಲು ತಮ್ಮ ಸೋಲನ್ನು, ಅಂದರೆ ಆ ಐವತ್ತೆರಡು ಕೈಗಳ ಕತೆಯನ್ನು ಹೇಳಿ, ನಂತರ ಸೂಪು ಬಡಿಸುತ್ತಿದ್ದರು. ತಮ್ಮದಲ್ಲದ ಭಕ್ತಿಯನ್ನು ಅದರದೇ ನುಡಿಯಲ್ಲಿ ಗೌರವಿಸುವುದು ಅವರ ದೊಡ್ಡ ಗುಣ. ಆರ್ಚಿ ಅವರು ಕೊನೆಯ ಹಾಸಿಗೆ ಹಿಡಿದಾಗ ಗುಡ್ರುನ್ ಅವರು ತಮ್ಮ ಲೂಥರನ್ ಪ್ರಾರ್ಥನೆಯನ್ನು ಬದಿಗಿಟ್ಟು, ಆರ್ಚಿ ಬಾಲ್ಯದಿಂದ ಕೇಳಿದ ಹಳೆಯ ಆಂಗ್ಲಿಕನ್ ಪ್ರಾರ್ಥನೆಯನ್ನು ಓದಿದರು. ಉಸಿರು ನಿಲ್ಲಿಸುವ ಜಾಗಗಳು ತಪ್ಪಬಾರದೆಂದು ಅದಕ್ಕೆ ಮೊದಲು ಒಂದು ಇಡೀ ಮಧ್ಯಾಹ್ನ ಖಾಲಿ ಚರ್ಚಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದ್ದರು. ಆರ್ಚಿ ಕಣ್ಣು ಮುಚ್ಚಿಕೊಂಡೇ ತುಟಿಯಾಡಿಸಿ ಜೊತೆಗೂಡಿದರು.

ನಾಲ್ಕನೆಯ ಗೋಪುರದ ಮಾತನ್ನೂ ಆಡಲೇಬೇಕು. ಯುಕ್ರೇನಿಯನ್ ಕ್ಯಾಥೊಲಿಕರ ಪಾದ್ರಿ ಫಾದರ್ ಮೈರನ್ ಹಾವ್ರಿಲುಕ್ ಅವರೂ ಗುಡ್ರುನ್ ಅವರೂ ಇಪ್ಪತ್ತಾರು ವರ್ಷಗಳ ಸ್ನೇಹಿತರು. ಕ್ಯಾಥೊಲಿಕರ ಹಬ್ಬ ಹಳೆಯ ಪಂಚಾಂಗದ ಪ್ರಕಾರ ಜನವರಿಯಲ್ಲಿ ಬರುತ್ತಿದ್ದುದರಿಂದ, "ನಿಮ್ಮ ಕ್ರಿಸ್ಮಸ್ ಹಳಸ್ತು, ಬಿಸಿಬಿಸಿ ಇರೋದು ನಮ್ಮದು, ಬನ್ನಿ," ಎಂದು ಫಾದರ್ ಪ್ರತಿವರ್ಷ ಕರೆಯುತ್ತಿದ್ದರು. ಊರಿನ ಶರತ್ಕಾಲದ ಸಾಮೂಹಿಕ ಊಟ ಅವರ ಉಪವಾಸದ ದಿನಗಳಿಗೆ ಅಡ್ಡಬರದಂತೆ ಗುಡ್ರುನ್ ಅವರು ತಾರೀಖು ಬದಲಿಸಿದ್ದರು. ಇಷ್ಟಾದರೂ, ಅನ್ಯ ಪಂಗಡದವರಿಗೆ ಪವಿತ್ರ ಭೋಜನ ಕೊಡಲು ಕ್ಯಾಥೊಲಿಕರ ಕಟ್ಟಳೆ ಬಿಡದಿರುವುದರಿಂದ, ಆ ಎರಡು ಮೇಜುಗಳು ಒಂದಾಗಲಿಲ್ಲ, ಇಂದಿಗೂ ಆಗಿಲ್ಲ. ಅಲ್ಲಿ ಪೂಜೆಗೆ ಹೋದಾಗ ಗುಡ್ರುನ್ ಅವರು ಸಾಲಿನಲ್ಲಿ ಬಂದು ಎದೆಯ ಮೇಲೆ ಕೈ ಕಟ್ಟಿ ಆಶೀರ್ವಾದವನ್ನಷ್ಟೇ ಪಡೆಯುತ್ತಾರೆ. ಕೊಡುವವರ ಕಣ್ಣೂ ಒದ್ದೆ, ಪಡೆಯುವವರ ಕಣ್ಣೂ ಒದ್ದೆ. ಯಾರೂ ನೋಡದಾಗ ಕೊಟ್ಟುಬಿಡಬಾರದೇ ಎಂದು ಹಿತೈಷಿಗಳೊಬ್ಬರು ಕೇಳಿದಾಗ ಗುಡ್ರುನ್ ಅವರು ಸಿಡುಕಿದ್ದುಂಟು: "ಕದ್ದು ತಿಂದ್ರೆ ಅದು ಊಟ ಆಗಲ್ಲ. ಆಗೋ ದಿನ ಬಾಗಿಲು ತೆಗೆದೇ ಆಗುತ್ತೆ. ಆಗುತ್ತೆ ಅನ್ನೋದರಲ್ಲಿ ನನಗೆ ಸಂಶಯ ಇಲ್ಲ. ಅದನ್ನ ನೋಡೋಕೆ ನಾನಿರ್ತೀನೋ ಇಲ್ವೋ, ಅದಷ್ಟೇ ಗೊತ್ತಿಲ್ಲ."

ಬೀಳ್ಕೊಡುಗೆಯ ದಿನ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಂಬತ್ತೆಂಟರ ಬ್ಯೂಲಾ ಗಾಲಿಕುರ್ಚಿಯಲ್ಲಿ ಬಂದು ಎಲ್ಲರ ಭಾಷಣಗಳ ವ್ಯಾಕರಣ ತಿದ್ದಿದರು. ಫಾದರ್ ಮೈರನ್ ತಮ್ಮವರು ಮಾಡಿದ ಆಲೂಗಡ್ಡೆ ಕಡುಬು, ಪೆರೋಗಿಗಳ ದೊಡ್ಡ ತಟ್ಟೆ ತಂದರು. ಆ ಗದ್ದಲದಲ್ಲಿ ಅಪರಿಚಿತರಿಬ್ಬರು, ಒಬ್ಬರು ಈ ಮೂಲೆ, ಒಬ್ಬರು ಆ ಮೂಲೆ, ಒಬ್ಬರನ್ನೊಬ್ಬರು ನೋಡದಂತೆ ಕೂತು ಪೈ ತಿನ್ನುತ್ತಿದ್ದರು. ಪೂರ್ವದಿಕ್ಕಿನ ಹಳ್ಳಿಯೊಂದರ ಮೆನೊನೈಟ್ ಪಂಗಡದವರು ಅವರು: ಕಾರ್ನೀಲಿಯಸ್ ಟೈಕ್ರೋಬ್ ಮತ್ತು ಐಸಾಕ್ ಪೆನರ್. ಅವರ ಸಭೆ ಮೂರು ವರ್ಷದ ಹಿಂದೆ ಒಡೆದು ಇಬ್ಬರೂ ಒಂದೊಂದು ಹೋಳಿನ ಮುಖಂಡರಾಗಿದ್ದರು. ಟೈಕ್ರೋಬ್ ಮೊದಲು ಗುಡ್ರುನ್ ಅವರ ಬಳಿ ಬಂದು, "ಅಮ್ಮ, ನಿವೃತ್ತರಾದ್ರಿ, ಗೊತ್ತು. ಆದ್ರೂ ನಮ್ಮೋರ ಜೊತೆ ಒಂದು ಸಲ ಮಾತಾಡ್ತೀರಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವರು ಅತ್ತ ಹೋದ ಮೇಲೆ ಪೆನರ್ ಬಂದು ಹೆಚ್ಚುಕಡಿಮೆ ಅದೇ ಮಾತು ಕೇಳಿ, "ಆ ಕಡೆಯೋರಿಗೆ ಗೊತ್ತಾಗೋದು ಬೇಡ," ಎಂದು ಸೇರಿಸಿದರು. ಇಬ್ಬರಿಗೂ ಗುಡ್ರುನ್ ಅವರು ಕೈಚೀಲದಿಂದ ದಿನಚರಿ ತೆಗೆದು, ಕನ್ನಡಕ ಏರಿಸಿ, ಗಂಭೀರವಾಗಿ ಹಾಳೆ ತಿರುವಿದರು.

ಇಬ್ಬರಿಗೂ ಅವರು ಕೊಟ್ಟದ್ದು ಅದೇ ಗುರುವಾರ, ಅದೇ ಹನ್ನೆರಡು ಗಂಟೆ, ಅದೇ ಸೂಪಿನ ಮೇಜು.

ಗುಡ್ರುನ್ ಟಾಂಗೆನ್ ಅವರಿಗೆ ದೇವರು ನೂರು ವರ್ಷದ ಆಯುಸ್ಸನ್ನೂ ಗಟ್ಟಿ ಮೊಣಕಾಲುಗಳನ್ನೂ ಕೊಡಲಿ ಎಂದು ನಾಲ್ಕು ಗೋಪುರಗಳ ನಾವೆಲ್ಲರೂ ಒಂದೇ ಬಾಯಿಯಿಂದ ಬೇಡುತ್ತೇವೆ. ವಿಶ್ರಾಂತಿಯನ್ನು ಮಾತ್ರ, ಆ ಗುರುವಾರ ಕಳೆಯುವವರೆಗಾದರೂ, ಬೇಡುವ ಧೈರ್ಯ ನಮಗಿಲ್ಲ.